ಅಂಕ ಅಲ್ಲೇ ಇದೆ, ಗೆರೆ ಓಡಾಡುತ್ತಿದೆ

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲಿಗೆ ಏನು ಕೆಲಸ ಅಂತ ತುಂಬಾ ಜನ ಕೇಳುತ್ತಾರೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದೇ ಜಾಸ್ತಿ, ನಿಜ. ಆದರೆ ಎಷ್ಟೋ ಪಂದ್ಯಗಳ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಕಿಕ್ಕರ್ ಕಾಲ ಬುಡದಲ್ಲಿ. ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನವರು ಹತ್ತು ವರ್ಷಕ್ಕೂ ಮೇಲಿಂದ ತಲೆ ಕೆಡಿಸಿಕೊಂಡಿರುವುದೂ ಆ ಕಾಲಿನ ಬಗ್ಗೆಯೇ.

ಒಂದು ಪಂದ್ಯದಿಂದ ಶುರು ಮಾಡುತ್ತೇನೆ. 2024ರ ಫೆಬ್ರವರಿ, ಲಾಸ್ ವೇಗಸ್, ಸೂಪರ್ ಬೌಲ್. ಕ್ಯಾನ್ಸಸ್ ಸಿಟಿ ಚೀಫ್ಸ್‌ಗೂ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್‌ಗೂ ಫೈನಲ್. ಚೆಂಡನ್ನು ಎದುರಾಳಿ ಕಡೆಗೆ ಒದ್ದು ಆಟ ಶುರು ಮಾಡುವುದಕ್ಕೆ ಕಿಕ್‌ಆಫ್ ಅನ್ನುತ್ತಾರೆ. ಆ ದಿನ 13 ಕಿಕ್‌ಆಫ್ ಆದವು. ಒಂದನ್ನೂ ಹಿಡಿದು ಯಾರೂ ಓಡಲಿಲ್ಲ. ಪ್ರತಿ ಸಲವೂ ಟಚ್‌ಬ್ಯಾಕ್. ಅಂದರೆ ಚೆಂಡು ಮೈದಾನದ ಆ ತುದಿ ದಾಟಿತು, ಓಟ ಇಲ್ಲ, ನಿಗದಿಯಾದ ಜಾಗದಿಂದ ಆಟ ಶುರು. ಅದೇ ಪಂದ್ಯದಲ್ಲಿ ಫಾರ್ಟಿನೈನರ್ಸ್ ಕಿಕ್ಕರ್ ಜೇಕ್ ಮೂಡಿ 55 ಗಜದ ಫೀಲ್ಡ್ ಗೋಲ್ ಹೊಡೆದು, ಅಂದರೆ ಚೆಂಡನ್ನು ಒದ್ದು ಗೋಲ್ ಕಂಬಗಳ ನಡುವೆ ದಾಟಿಸಿ, ಸೂಪರ್ ಬೌಲ್ ದಾಖಲೆ ಮಾಡಿದ. ಆ ದಾಖಲೆ ಪಂದ್ಯ ಮುಗಿಯುವ ತನಕವೂ ಬಾಳಲಿಲ್ಲ. ಎದುರಾಳಿ ಹ್ಯಾರಿಸನ್ ಬಟ್ಕರ್ 57 ಗಜದಿಂದ ಹೊಡೆದ. ಆಮೇಲೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಇದೇ ಮೂಡಿಯ ಒಂದು ಸಾದಾ ಎಕ್ಸ್‌ಟ್ರಾ ಪಾಯಿಂಟ್, ಅಂದರೆ ಒಂದು ಅಂಕದ ಕಿಕ್, 33 ಗಜದ್ದು, ಎದುರಾಳಿಯ ಕೈಗೆ ತಗುಲಿ ಹೋಯಿತು. 17-13 ಆಗಬೇಕಿದ್ದದ್ದು 16-13 ಆಯಿತು. ಚೀಫ್ಸ್ ಮೂರು ಅಂಕ ತೆಗೆದು ಸಮ ಮಾಡಿದರು, ಓವರ್‌ಟೈಮ್‌ನಲ್ಲಿ 25-22ಕ್ಕೆ ಗೆದ್ದರು.

ಬೇಸರದ ಕಿಕ್‌ಆಫ್, ಎಲ್ಲಿಂದ ಬೇಕಾದರೂ ಹೊಡೆಯುವ ಕಿಕ್ಕರ್, ಮತ್ತೆ ಕೈಕೊಟ್ಟ ಒಂದು ಅಂಕ. ನಿಯಮದ ಜಗಳವೆಲ್ಲ ಈ ಒಂದೇ ಪಂದ್ಯದಲ್ಲಿದೆ.

ಹೊಸಬರಿಗೆ ಲೆಕ್ಕ ಹೇಳಿಬಿಡುತ್ತೇನೆ. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ, 6. ಅದರ ಬೆನ್ನಿಗೇ ಒಂದು ಕಿಕ್ ಸಿಗುತ್ತದೆ, ಅದೇ ಎಕ್ಸ್‌ಟ್ರಾ ಪಾಯಿಂಟ್, ಅದಕ್ಕೆ 1. ಕಿಕ್ ಬೇಡ, ಇನ್ನೊಮ್ಮೆ ನುಗ್ಗುತ್ತೇವೆ ಅಂದರೆ 2. ಫೀಲ್ಡ್ ಗೋಲ್‌ಗೆ 3. ಈ 3 ಅನ್ನುವುದು 1909ರಿಂದ ಇದೆ. ಅದಕ್ಕೂ ಮೊದಲು 5 ಇತ್ತು, 1904ರಲ್ಲಿ 4 ಮಾಡಿದರು. ಟಚ್‌ಡೌನ್‌ನ 6 ಬಂದದ್ದು 1912ರಲ್ಲಿ. ಎನ್‌ಎಫ್‌ಎಲ್ ಹುಟ್ಟಿದ್ದೇ 1920ರಲ್ಲಿ. ಅಂದರೆ ಲೀಗ್‌ಗಿಂತ ಅಂಕಗಳೇ ಹಳೆಯವು. ಆ 2 ಮಾತ್ರ 1994ರಲ್ಲಿ ಸೇರಿದ್ದು.

ನಾನು ಗಮನಿಸಿದ ಒಂದು ಸಂಗತಿ ಇದೆ. ಏನೇ ತೊಂದರೆ ಬಂದರೂ ಇವರು ಅಂಕಕ್ಕೆ ಕೈ ಹಾಕುವುದಿಲ್ಲ, ಗೆರೆ ಸರಿಸುತ್ತಾರೆ. ಕ್ರಿಕೆಟ್‌ನಲ್ಲಿ ಸಿಕ್ಸರ್‌ಗೆ ಆರೇ ಇಟ್ಟು ಬೌಂಡರಿ ಹಗ್ಗ ಎಳೆದಾಡುತ್ತಾರಲ್ಲ, ಹಾಗೆ. 1974ರಲ್ಲಿ ಫೀಲ್ಡ್ ಗೋಲ್ ಜಾಸ್ತಿಯಾಯಿತು ಅಂತ ಗೋಲ್‌ಪೋಸ್ಟನ್ನೇ ಹತ್ತು ಗಜ ಹಿಂದಕ್ಕೆ ಒಯ್ದರು. 2015ರಲ್ಲಿ ಎಕ್ಸ್‌ಟ್ರಾ ಪಾಯಿಂಟ್ ಸರದಿ. ಅದು ನೂರಕ್ಕೆ 99 ಸಲ ಒಳಗೆ ಹೋಗುತ್ತಿತ್ತು. ನೋಡುವವರು ಆ ಹೊತ್ತಿಗೆ ಎದ್ದು ಫ್ರಿಜ್ ಹತ್ತಿರ ಹೋಗುತ್ತಿದ್ದರು. ಸರಿ, ಗೋಲ್ ಗೆರೆಯಿಂದ 2 ಗಜದಲ್ಲಿ ಇಡುತ್ತಿದ್ದ ಚೆಂಡನ್ನು 15ಕ್ಕೆ ಸರಿಸಿದರು. ಚೆಂಡನ್ನು ಹಿಂದಕ್ಕೆ ಎಸೆಯುವ ಏಳೆಂಟು ಗಜ, ಗೋಲ್‌ಪೋಸ್ಟ್ ಹಿಂದೆ ಹೋದ ಹತ್ತು ಗಜ ಸೇರಿದರೆ ಕಿಕ್ 33 ಗಜದ್ದು. ಯಶಸ್ಸು ಮೊದಲ ವರ್ಷವೇ 94ರ ಆಸುಪಾಸಿಗೆ ಇಳಿಯಿತು.

ಐದು ಪರ್ಸೆಂಟ್ ಏನು ಮಹಾ ಅನ್ನಬೇಡಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್‌ಗೆ ಆ ಹಳೆಯ ಕಿಕ್ ಕಂಡರೇ ಆಗುತ್ತಿರಲಿಲ್ಲ, ಅದರಲ್ಲಿ ಸ್ಪರ್ಧೆಯೇ ಇಲ್ಲ ಅನ್ನುತ್ತಿದ್ದರು. 2014ರಲ್ಲಿ ಅವರ ತಂಡವೇ ಗೆರೆಯನ್ನು 25ಕ್ಕೆ ಒಯ್ಯಿರಿ ಅಂತ ಪ್ರಸ್ತಾಪ ಇಟ್ಟಿತ್ತು. ಅವರ ಕಿಕ್ಕರ್ ಸ್ಟೀಫನ್ ಗಾಸ್ಟ್‌ಕೌಸ್ಕಿ. ಸತತ 523 ಎಕ್ಸ್‌ಟ್ರಾ ಪಾಯಿಂಟ್ ತಪ್ಪದೆ ಹೊಡೆದಿದ್ದ. 2016ರ ಜನವರಿ, ಡೆನ್ವರ್ ವಿರುದ್ಧ ಕಾನ್ಫರೆನ್ಸ್ ಫೈನಲ್, ಅಂದರೆ ಸೂಪರ್ ಬೌಲ್‌ಗೆ ಮುಂಚಿನ ಪಂದ್ಯ, ಹೊಸ ನಿಯಮದ ಮೊದಲ ಸೀಸನ್. ಮೊದಲ ಕ್ವಾರ್ಟರ್‌ನಲ್ಲೇ ಒಂದು ತಪ್ಪಿಸಿದ. ಪಂದ್ಯವಿಡೀ ಆ ಒಂದು ಅಂಕ ಬೆನ್ನು ಬಿಡಲಿಲ್ಲ. ಕೊನೆಗೆ 12 ಸೆಕೆಂಡ್ ಇದ್ದಾಗ ಟಚ್‌ಡೌನ್ ಬಂತು, 20-18. ಆ ಅಂಕ ಇದ್ದಿದ್ದರೆ ಒಂದು ಕಿಕ್ಕಿಗೆ ಪಂದ್ಯ ಸಮ. ಇಲ್ಲದ್ದರಿಂದ 2 ಅಂಕಕ್ಕೆ ಹೋಗಬೇಕಾಯಿತು. ಆಗಲಿಲ್ಲ, ಸೋತರು. ಬೆಲಿಚಿಕ್ ಕೇಳಿದ್ದ ಸ್ಪರ್ಧೆ ಬಂದು ಅವರಿಗೇ ಬಡಿಯಿತು.

ಆ ಕಿಕ್ ಹತ್ತಿರದಿಂದ ಹೇಗಿರುತ್ತದೆ ಗೊತ್ತಾ? ಒಬ್ಬ ಬಗ್ಗಿ ಕಾಲುಗಳ ನಡುವಿನಿಂದ ಚೆಂಡನ್ನು ಏಳೆಂಟು ಗಜ ಹಿಂದಕ್ಕೆ ಎಸೆಯುತ್ತಾನೆ. ಇನ್ನೊಬ್ಬ ಮೊಣಕಾಲೂರಿ ಹಿಡಿದು, ನೆಲಕ್ಕೆ ತಾಗಿಸಿ, ಹೊಲಿಗೆ ದಾರ ಗೋಲ್ ಕಡೆಗೆ ಬರುವ ಹಾಗೆ ತಿರುಗಿಸಿ, ಒಂದು ಬೆರಳಲ್ಲಿ ನಿಲ್ಲಿಸುತ್ತಾನೆ. ಅಷ್ಟರಲ್ಲಿ ಕಿಕ್ಕರ್ ಕಾಲು ಬಂದಾಗಿರುತ್ತದೆ. ಎಲ್ಲಾ ಸೇರಿ ಸುಮಾರು 1.3 ಸೆಕೆಂಡ್. ನಾವು ಬೈಯುವುದು ಮಾತ್ರ ಕಿಕ್ಕರ್‌ನನ್ನು.

ಕಿಕ್‌ಆಫ್ ಕಥೆ ಬೇರೆ. ಅಲ್ಲಿ ಬೇಸರಕ್ಕಿಂತ ಪೆಟ್ಟಿನ ಭಯ ದೊಡ್ಡದು. ಎರಡೂ ಕಡೆಯವರು ದೂರದಿಂದ ಓಡಿ ಬಂದು ಡಿಕ್ಕಿ ಹೊಡೆಯುತ್ತಿದ್ದರು. ಅದಕ್ಕೇ 2011ರಲ್ಲಿ ಕಿಕ್ ಹೊಡೆಯುವ ಗೆರೆ ಮುಂದೆ ತಂದರು. ಪೆಟ್ಟಿನ ಜೊತೆ ಓಟವೂ ಕಮ್ಮಿಯಾಗುತ್ತಾ ಹೋಯಿತು. 2024ರಲ್ಲಿ 29-3 ಮತದಿಂದ ಹೊಸ ರೂಪ ಕೊಟ್ಟರು. ಕಿಕ್ಕರ್ ಒಬ್ಬನೇ ದೂರದಲ್ಲಿ. ಅವನ ಹತ್ತು ಜನ ಎದುರಾಳಿಗಳ ಮುಂದೆಯೇ, ಐದು ಗಜ ಅಂತರದಲ್ಲಿ ನಿಲ್ಲಬೇಕು. ಚೆಂಡು ಕೈಗೋ ನೆಲಕ್ಕೋ ಬೀಳುವ ತನಕ ಅಲುಗಾಡುವಂತಿಲ್ಲ. 2020ರಲ್ಲಿ ಎಕ್ಸ್‌ಎಫ್‌ಎಲ್ ಅನ್ನುವ ಸಣ್ಣ ಲೀಗ್ ಮಾಡಿ ತೋರಿಸಿದ್ದ ಉಪಾಯ ಇದು. ಓಟ ನೂರಕ್ಕೆ 22ರಿಂದ 33ಕ್ಕೆ ಏರಿತು. ಸಾಲದು ಅಂತ 2025ರಲ್ಲಿ ಟಚ್‌ಬ್ಯಾಕ್ ಜಾಗವನ್ನು 30 ಗಜದ ಗೆರೆಯಿಂದ 35ಕ್ಕೆ ತಂದರು. ಸುಮ್ನೆ ದೂರ ಒದ್ದರೆ ಎದುರಾಳಿಗೆ ಲಾಭ ಆಗಲಿ ಅಂತ.

ಇಲ್ಲೇ ನೋಡಿ ಎಡವಟ್ಟು. ತನ್ನ ಗೋಲ್ ಗೆರೆಯಿಂದ 35ನೇ ಗಜದಲ್ಲಿ ಶುರು ಮಾಡಿದ ತಂಡ ಬರೀ 22 ಗಜ ಹೋದರೆ ಸಾಕು, 60 ಗಜದ ಫೀಲ್ಡ್ ಗೋಲ್ ಕೈಗೆ ಸಿಗುತ್ತದೆ. 60 ಹೊಡೆಯುವವರು ಈಗ ಇದ್ದಾರೆ. ಅದೇ ವರ್ಷ ಕಿಕ್ಕಿನ ಚೆಂಡುಗಳನ್ನು ತಂಡಗಳು ಮುಂಚೆಯೇ ಉಜ್ಜಿ ಹದ ಮಾಡಿಕೊಳ್ಳಬಹುದು ಅಂತಲೂ ಬಿಟ್ಟರು. ನವೆಂಬರ್‌ನಲ್ಲಿ ಜಾಕ್ಸನ್‌ವಿಲ್‌ನ ಕ್ಯಾಮ್ ಲಿಟಲ್ 68 ಗಜ ಹೊಡೆದ, ಲೀಗ್ ದಾಖಲೆ. ಮೈದಾನ ಯಾವುದು? ಸೂಪರ್ ಬೌಲ್ ನಡೆದ ಅದೇ ಲಾಸ್ ವೇಗಸ್ ಮೈದಾನ. ಒಂದು ಗೆರೆ ಸರಿಸಿ ಒಂದು ತೂತು ಮುಚ್ಚಿದರು, ಪಕ್ಕದಲ್ಲಿ ಇನ್ನೊಂದು ಬಿತ್ತು.

ಹಾಗಾದರೆ ಅಂಕವನ್ನೇ ಬದಲಿಸಬಾರದಾ? ಎನ್‌ಎಫ್‌ಎಲ್ ಯುರೋಪ್ ಅನ್ನುವ ಲೀಗ್‌ನಲ್ಲಿ 50 ಗಜ ದಾಟಿದ ಗೋಲ್‌ಗೆ 4 ಅಂಕ ಇತ್ತು. 2015ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಇನ್ನೂ ಮುಂದೆ ಹೋಗಿ, 2 ಅಂಕದ ಪ್ರಯತ್ನ ಗೆದ್ದವರಿಗೆ 50 ಗಜದಿಂದ ಒಂದು ಬೋನಸ್ ಕಿಕ್ ಕೊಡಿ ಅಂದಿತು. ಒಂದೇ ಟಚ್‌ಡೌನ್‌ಗೆ 9 ಅಂಕ! ಪಾಸಾಗಲಿಲ್ಲ. 32ರಲ್ಲಿ 24 ತಂಡ ಒಪ್ಪಬೇಕು, ಸುಲಭವಾ? ನನಗೂ ಅದು ಬೇಡ ಅನ್ನಿಸುತ್ತದೆ. ದೂರ ಹೊಡೆಯುವುದೇ ಸುಲಭವಾಗಿರುವಾಗ ಅದಕ್ಕೇ ಬಹುಮಾನ ಯಾಕೆ?

ನನ್ನ ಮತ ಕಂಬಗಳನ್ನು ಹತ್ತಿರ ತರುವುದಕ್ಕೆ. ಈಗ ನಡುವೆ 18 ಅಡಿ 6 ಅಂಗುಲ ಇದೆ. ಕಾಲಿನ ಬಲ ಎಲ್ಲರಿಗೂ ಬಂದಿದೆ, ಇನ್ನು ಗುರಿ ನೋಡೋಣ, ಅಲ್ವಾ? ಇದನ್ನೂ ಅವರು ಒಮ್ಮೆ ಮಾಡಿದ್ದಾರೆ. 2015ರ ಜನವರಿಯ ಪ್ರೋ ಬೌಲ್, ಅದು ಪ್ರದರ್ಶನ ಪಂದ್ಯ, ಅಲ್ಲಿ 14 ಅಡಿಗೆ ಇಳಿಸಿದರು. ಸೂಪರ್ ಬೌಲ್‌ಗಳನ್ನು ಕೊನೇ ಕಿಕ್ಕಿನಲ್ಲಿ ಗೆಲ್ಲಿಸಿಕೊಟ್ಟ ಆಡಮ್ ವಿನಾಟಿಯೆರಿಯೇ ಅವತ್ತು ಒಂದಕ್ಕಿಂತ ಜಾಸ್ತಿ ಸಲ ತಪ್ಪಿಸಿದ. ಫ್ರಿಜ್ ಹತ್ತಿರ ಹೋದವರು ಅವತ್ತು ಅದನ್ನು ಕಳೆದುಕೊಂಡರು.

ಟೀ ಬಂದಿದೆ ಅಂತ ಹಿಂದಿನಿಂದ ಸನ್ನೆ ಮಾಡುತ್ತಿದ್ದಾರೆ. ಕುಡಿಯುತ್ತಾ ಪ್ರಶ್ನೆ ಕೇಳಿ.