ಮರಳುಗಾಡಿಗೆ ಹೊರಟಿದ್ದೀರಾ? ನೀರಿನ ದಾರಿ ಹಿಡಿದು ಹೋಗಿ

ಎಲ್ಲರಿಗೂ ನಮಸ್ಕಾರ. ಚಳಿಗಾಲ ಹತ್ತಿರ ಬಂತು ಅಂದರೆ ಸಾಕು, ರಾಜಸ್ಥಾನಕ್ಕೆ ಗಾಡಿ ತಗೊಂಡು ಹೋಗಬೇಕು ಅನ್ನುವವರ ಮೆಸೇಜ್ ಶುರುವಾಗುತ್ತದೆ. ಅದರಲ್ಲೂ ಜೈಸಲ್ಮೇರ್ ಆಚೆಗಿನ ಹಳೇ ಹಳ್ಳಿಗಳಿಗೆ. ಪ್ಲಾನ್ ಕಳಿಸಿ, ಸರಿ ಇದೆಯಾ ನೋಡಿ ಅಂತಾರೆ. ಹೆಚ್ಚುಕಮ್ಮಿ ಎಲ್ಲರ ಪ್ಲಾನೂ ಒಂದೇ ಥರ ಇರುತ್ತದೆ. ಮೊದಲ ದಿನ ಕೋಟೆ. ಸಂಜೆ ಸಮ್‌ನಲ್ಲಿ ಮರಳಿನ ದಿಬ್ಬ, ಒಂಟೆ ಸವಾರಿ, ಟೆಂಟು, ಡಾನ್ಸು. ಮಾರನೇ ದಿನ ಕುಲ್ಧರಾ, ಅದರ ಮುಂದೆ ‘ದೆವ್ವದ ಊರು’ ಅಂತ ಒಂದು ನೋಟ್. ಆಮೇಲೆ ಗಡಿ ಕಡೆಯ ಲೊಂಗೇವಾಲಾ, ತನೋಟ್, ವಾಪಸ್.

ಈ ಜಾಗಗಳಿಗೆ ಹೋಗಬೇಡಿ ಅಂತ ನಾನು ಹೇಳಲ್ಲ. ಆದರೆ ಈ ಪ್ಲಾನ್‌ನಲ್ಲಿ ಎಲ್ಲೂ ನೀರಿಲ್ಲ. ಜೈಸಲ್ಮೇರ್ ಸೀಮೆಯಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಅಂಥ ಕಡೆ ಜನ ನೂರಾರು ವರ್ಷ ಊರು ಕಟ್ಟಿಕೊಂಡು, ಗೋಧಿ ಬೆಳೆದುಕೊಂಡು, ದನ ಸಾಕಿಕೊಂಡು ಬದುಕಿದ್ದಾರೆ. ಹೇಗೆ ಬದುಕಿದರು ಅನ್ನೋದನ್ನ ನೋಡದೆ ಬಂದರೆ, ಅಷ್ಟು ದೂರ ಹೋಗಿ ನೋಡಿದ್ದಾದರೂ ಏನು? ನನ್ನ ಮಾತು ಇಷ್ಟೇ. ಮ್ಯಾಪಿನಲ್ಲಿ ಸ್ಪಾಟ್‌ಗಳನ್ನು ಗುರುತು ಹಾಕುವ ಮೊದಲು ನೀರನ್ನು ಗುರುತು ಹಾಕಿ. ಆ ಹಳ್ಳಿಗಳು ಅಲ್ಲೇ ಯಾಕಿವೆ ಅನ್ನೋದು ಆಗ ಗೊತ್ತಾಗುತ್ತದೆ.

ಜೈಸಲ್ಮೇರ್ ಊರಿಂದಲೇ ಶುರು ಮಾಡಿ. ಎಲ್ಲರೂ ನೇರ ಕೋಟೆಗೆ ಹೋಗುತ್ತಾರೆ. ನೀವು ಮೊದಲು ಗಡಸೀಸರ್ ಕೆರೆಗೆ ಹೋಗಿ. 14ನೇ ಶತಮಾನದಲ್ಲಿ ರಾವಲ್ ಗಡಸಿ ಕಟ್ಟಿಸಿದ ಕೆರೆ. ಒಂದು ಕಾಲಕ್ಕೆ ಊರಿಗೆ ಕುಡಿಯುವ ನೀರು ಇಲ್ಲಿಂದಲೇ. ಅಲ್ಲಿ ಕೂತು ಕೋಟೆ ಕಡೆ ನೋಡಿ. 1156ರಲ್ಲಿ ರಾವಲ್ ಜೈಸಲ್ ಶುರು ಮಾಡಿದ ಕೋಟೆ ಅದು, ಈಗಲೂ ಒಳಗೆ ಸಂಸಾರಗಳಿವೆ. ಮೇಲೆ ಗಟ್ಟಿ ಹಳದಿ ಕಲ್ಲು, ಅಡಿಯಲ್ಲಿ ಮೆದು ಜೇಡಿಯಂಥ ಪದರ. ಕೊಡದಲ್ಲಿ ನೀರು ಹೊರುವ ಕಾಲಕ್ಕೆ ಕಟ್ಟಿದ ಜಾಗಕ್ಕೆ ನಲ್ಲಿ ಬಂತು, ಹೋಟೆಲ್‌ಗಳು ಬಂದವು, ಬಾತ್‌ರೂಮ್‌ಗಳು ಬಂದವು. ಆ ನೀರು ಅಡಿಪಾಯಕ್ಕೆ ಇಳಿಯುತ್ತಿದೆ. ಬುರುಜುಗಳು ಕುಸಿದ ಮೇಲೆ ಜಗತ್ತೇ ಅದರ ಬಗ್ಗೆ ಮಾತಾಡಿತು. 2013ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಅದಕ್ಕೇ ಹೇಳೋದು, ಕೋಟೆಯನ್ನು ಕಣ್ತುಂಬ ನೋಡಿ, ಅಲ್ಲಿನ ಅಂಗಡಿಯಲ್ಲಿ ಚಹಾ ಕುಡಿಯಿರಿ, ಆದರೆ ರಾತ್ರಿ ಉಳಿಯಲು ಕೋಟೆಯೊಳಗೆ ರೂಮ್ ಮಾಡಬೇಡಿ. ಹಳ್ಳಿಯಲ್ಲಿ ಉಳಿಯಿರಿ. ಖುರಿ ಕಡೆ ಸಗಣಿ ಮಣ್ಣು ಸಾರಿಸಿದ ಮನೆಗಳಲ್ಲೇ ಅತಿಥಿಗಳನ್ನು ಇಟ್ಟುಕೊಳ್ಳುತ್ತಾರೆ. ಸಜ್ಜೆ ರೊಟ್ಟಿ, ಮಜ್ಜಿಗೆ, ಕೇರ್ ಸಾಂಗ್ರಿ ಪಲ್ಯ ಸಿಗುತ್ತದೆ. ಉತ್ತರ ಕರ್ನಾಟಕದವರಿಗೆ ಮೊದಲ ತುತ್ತಿಗೇ ಮನೆ ನೆನಪಾಗುತ್ತದೆ.

ಈಗ ಕುಲ್ಧರಾ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಜೈಸಲ್ಮೇರ್‌ನಿಂದ ನೈಋತ್ಯಕ್ಕೆ ಸುಮಾರು 18 ಕಿಲೋಮೀಟರ್. ಪಾಳು ಬಿದ್ದ ಊರು. ಗೈಡ್ ಹೇಳುವ ಕಥೆ ನಿಮಗೆಲ್ಲ ಗೊತ್ತು. ಜೈಸಲ್ಮೇರ್ ದಿವಾನ ಸಲೀಂ ಸಿಂಗ್ ಊರಿನ ಮುಖಂಡನ ಮಗಳ ಮೇಲೆ ಕಣ್ಣು ಹಾಕಿದ. ಪಾಲಿವಾಲ ಬ್ರಾಹ್ಮಣರ 84 ಹಳ್ಳಿಗಳು ಒಂದೇ ರಾತ್ರಿಯಲ್ಲಿ ಖಾಲಿಯಾದವು. ಹೋಗುವಾಗ ಶಾಪ ಕೊಟ್ಟು ಹೋದರು. ಇಷ್ಟು ಕೇಳಿಸಿಕೊಂಡು, ಮುರಿದ ಗೋಡೆ ಮುಂದೆ ನಿಂತು ಹೆದರಿದ ಮುಖದ ರೀಲ್ ಮಾಡಿಕೊಂಡು ಜನ ವಾಪಸ್ ಬರುತ್ತಾರೆ.

ಇದು ನನಗೆ ನಿಜವಾಗಲೂ ಬೇಸರ ತರಿಸುತ್ತದೆ. ಸಲೀಂ ಸಿಂಗ್ ಇದ್ದದ್ದು ನಿಜ, ಅವನ ಹವೇಲಿ, ಅಂದರೆ ದೊಡ್ಡ ಮನೆ, ಈಗಲೂ ಜೈಸಲ್ಮೇರ್ ಊರಲ್ಲಿದೆ. ಅವನ ಕಾಲದ ತೆರಿಗೆ ಜನರನ್ನು ಹಿಂಡಿದ್ದೂ ನಿಜ. ಪಾಲಿವಾಲರು ಊರು ಬಿಟ್ಟದ್ದೂ ನಿಜ. ಆದರೆ ಇತಿಹಾಸ ನೋಡಿದವರು ಹೇಳುವ ಕಾರಣಗಳು ತೆರಿಗೆಯ ಭಾರ, ಬತ್ತಿದ ನೀರು. ಭೂಕಂಪವೂ ಆಗಿರಬಹುದು ಅಂತ ಕೆಲವು ಭೂವಿಜ್ಞಾನಿಗಳು ವಾದಿಸಿದ್ದಾರೆ. ಜನ ಒಂದೇ ರಾತ್ರಿ ಹೋಗಲಿಲ್ಲ, 19ನೇ ಶತಮಾನದಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿದರು ಅನ್ನೋದೇ ಹೆಚ್ಚು ನಂಬುವಂಥದ್ದು. ದೆವ್ವ ಅಂದುಬಿಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ. ಸಾಲ, ತೆರಿಗೆ, ಬತ್ತಿದ ಬಾವಿ, ಮನೆ ಬಿಟ್ಟು ಹೊರಟ ರೈತರು, ಯಾವುದೂ ಕಾಣುವುದಿಲ್ಲ.

ಅಲ್ಲಿ ನಿಜವಾಗಲೂ ನೋಡಬೇಕಾದ್ದು ಊರಿನ ಜೋಡಣೆ. ಉದ್ದಕ್ಕೆ ಮೂರು ಬೀದಿ, ಅವನ್ನು ಅಡ್ಡಡ್ಡ ಕತ್ತರಿಸುವ ಓಣಿಗಳು, ನಡುವೆ ದೇವಿಯ ಗುಡಿ. ಪೂರ್ವದ ಅಂಚಿಗೆ ಕಾಕ್ನಿ ಹೊಳೆಯ ಒಣ ಪಾತ್ರ. ಹೊಳೆ ಅಂದರೆ ಮಳೆ ಬಂದಾಗ ಮಾತ್ರ. 1899ರಲ್ಲಿ ಬರೆದ ಒಂದು ಜೈಸಲ್ಮೇರ್ ಚರಿತ್ರೆಯ ಪ್ರಕಾರ, ಇಲ್ಲಿ ಮೊದಲು ಬಂದು ನೆಲೆಸಿದವನು ಕಧಾನ್ ಎಂಬ ಪಾಲಿವಾಲ. ಅವನು ತೋಡಿದ ಕೆರೆಯ ಹೆಸರನ್ನೂ ಅದರಲ್ಲಿ ಬರೆದಿಟ್ಟಿದ್ದಾರೆ, ಉಧನ್‌ಸರ್ ಅಂತ. ಊರಿನ ಕಥೆ ಕೆರೆಯಿಂದ ಶುರುವಾಗುತ್ತದೆ, ನೋಡಿ. ನಿಮ್ಮ ಗೈಡ್ ಶಾಪದ ಕಥೆ ಮುಗಿಸಿದ ಮೇಲೆ ಇದರ ಬಗ್ಗೆ ಒಂದು ಮಾತು ಕೇಳಿ.

ಕುಲ್ಧರಾ ಆದಮೇಲೆ ಮುಂದೆ ಖಾಭಾಗೆ ಹೋಗಿ. ಅದೂ ಪಾಲಿವಾಲರ ಊರೇ, ಪಕ್ಕದಲ್ಲಿ ಪುಟ್ಟ ಕೋಟೆ. ಬೆಳಗ್ಗೆ ಬೇಗ ಹೋದರೆ ನವಿಲುಗಳು ಸಿಗುತ್ತವೆ. ಆದರೆ ಈ ದಾರಿಯಲ್ಲಿ ನೀವು ಹುಡುಕಬೇಕಾದ್ದು ಖಡೀನ್. ಇಡೀ ಟ್ರಿಪ್‌ನಲ್ಲಿ ಒಂದನ್ನೇ ನೋಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಖಡೀನ್ ಅಂದರೆ ಏನು? ಕಲ್ಲು ನೆಲದ ಇಳಿಜಾರು ಇರುತ್ತದೆ. ಅದರ ಮೇಲೆ ಬಿದ್ದ ಮಳೆ ಇಂಗದೆ ತಗ್ಗಿಗೆ ಹರಿದು ಬರುತ್ತದೆ. ತಗ್ಗಿನ ಕೊನೆಯಲ್ಲಿ ಅಡ್ಡಕ್ಕೆ ಒಂದು ಮಣ್ಣಿನ ಏರಿ. ಆಳೆತ್ತರ, ಕೆಲವು ಕಡೆ ಇನ್ನೂ ಜಾಸ್ತಿ. ಹೆಚ್ಚಾದ ನೀರು ಹೋಗಲು ಕೋಡಿ. ಇಷ್ಟೇ ನೋಡಿದರೆ ನಮ್ಮ ಕೆರೆ ಥರಾನೇ ಇದೆಯಲ್ಲ ಅನ್ನಿಸುತ್ತದೆ. ವ್ಯತ್ಯಾಸ ಇರೋದು ಮುಂದೆ. ನಮ್ಮಲ್ಲಿ ಏರಿಯ ಕೆಳಗೆ ಗದ್ದೆ. ಅಲ್ಲಿ ಕೆರೆಯಂಗಳವೇ ಹೊಲ. ಮಳೆಗಾಲದಲ್ಲಿ ನಿಂತ ನೀರು ನಿಧಾನವಾಗಿ ಮಣ್ಣಿಗೆ ಇಂಗುತ್ತದೆ. ನೀರು ಇಂಗಿ ನೆಲ ಕಾಲಿಡುವ ಹಾಗೆ ಆದಮೇಲೆ ಗೋಧಿ, ಕಡಲೆ ಬಿತ್ತುತ್ತಾರೆ. ಆಮೇಲೆ ಒಂದು ತಂಬಿಗೆ ನೀರೂ ಹಾಯಿಸುವುದಿಲ್ಲ. ಮಣ್ಣಲ್ಲಿ ಉಳಿದ ಪಸೆಯಲ್ಲೇ ಬೆಳೆ ಬರುತ್ತದೆ. ಪ್ರತಿ ಮಳೆಗೂ ಹೊಸ ಗೋಡು ಬಂದು ಕೂರುವುದರಿಂದ ಹೊಲಕ್ಕೆ ಸತ್ವವೂ ಸಿಗುತ್ತದೆ. ಒಂದು ಎಕರೆ ಹೊಲಕ್ಕೆ ಹತ್ತಕ್ಕೂ ಜಾಸ್ತಿ ಎಕರೆ ಕಲ್ಲು ನೆಲ ನೀರು ಕೂಡಿಸಿಕೊಡಬೇಕು.

ಚಳಿಗಾಲದಲ್ಲಿ ಆ ಏರಿಯ ಮೇಲೆ ನಿಂತು ನೋಡಿ. ಒಂದು ಪಕ್ಕ ಮೊಣಕಾಲುದ್ದ ಹಸಿರು ಗೋಧಿ. ಬುಡದಲ್ಲಿ ಬಿರುಕು ಬಿಟ್ಟ ಕಪ್ಪು ಮಣ್ಣು, ಬಿರುಕಿಗೆ ಬೆರಳು ಹಾಕಿದರೆ ಒಳಗೆ ತಣ್ಣಗೆ ತೇವ. ಇನ್ನೊಂದು ಪಕ್ಕ ಬರೀ ಕಲ್ಲುಹರಳು, ಅಲ್ಲೊಂದು ಇಲ್ಲೊಂದು ಎಕ್ಕದ ಗಿಡ. ನಡುವೆ ಇರುವುದು ಒಂದು ಮಣ್ಣಿನ ಏರಿ ಮಾತ್ರ. ಪಾಲಿವಾಲರು ಹೋದರೂ ಅವರ ಎಷ್ಟೋ ಖಡೀನ್‌ಗಳಲ್ಲಿ ಈಗಿನ ಊರಿನವರು ಇವತ್ತಿಗೂ ಉಳುತ್ತಿದ್ದಾರೆ. ಇಷ್ಟು ದೊಡ್ಡ ಬುದ್ಧಿವಂತಿಕೆ ಕಣ್ಣೆದುರು ಇರುವಾಗ ನಾವು ದೆವ್ವ ಹುಡುಕುತ್ತಾ ಕೂರಬೇಕಾ?

ಇನ್ನೊಂದು, ಬೇರಿ. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂ ಪದರ ಇರುತ್ತದೆ. ಮಳೆ ನೀರು ಅದನ್ನು ದಾಟಿ ಕೆಳಗಿನ ಉಪ್ಪು ನೀರಿಗೆ ಸೇರುವುದಿಲ್ಲ, ಮರಳಲ್ಲೇ ತೇವವಾಗಿ ಉಳಿಯುತ್ತದೆ. ಆ ಪದರದವರೆಗೆ ಕಿರಿದಾದ ಬಾವಿ ತೋಡುತ್ತಾರೆ, ಅದೇ ಬೇರಿ. ಮರಳು ಕುಸಿಯದ ಹಾಗೆ ಒಳಗೆ ಕಲ್ಲು ಕಟ್ಟುತ್ತಾರೆ, ಹಿಂದೆ ಹುಲ್ಲಿನ ದಪ್ಪ ಹಗ್ಗ ಸುತ್ತುತ್ತಿದ್ದದ್ದೂ ಉಂಟು. ತಳದಲ್ಲಿ ನೀರು ಹನಿಹನಿಯಾಗಿ ಒಸರುತ್ತದೆ. ದಿನಕ್ಕೆ ಸಿಗುವುದು ಕೆಲವೇ ಕೊಡ. ಬಾಯಿ ಚಿಕ್ಕದು, ಮೇಲೆ ಮುಚ್ಚಳ. ದಯವಿಟ್ಟು ಕೇಳಿ, ವಿಡಿಯೋ ಚೆನ್ನಾಗಿ ಬರಲಿ ಅಂತ ಅಲ್ಲಿಂದ ನೀರು ಸೇದಿಸಬೇಡಿ. ಅದು ಯಾರದ್ದೋ ಮನೆಯ ಆ ದಿನದ ನೀರು. ನಿಮ್ಮ ನೀರು ನಿಮ್ಮ ಗಾಡಿಯಲ್ಲಿರಲಿ. ತಲೆಗೆ ದಿನಕ್ಕೆ 5 ಲೀಟರ್ ಲೆಕ್ಕ ಹಾಕಿ, ಒಂದು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ.

ಗಾಡಿಯ ವಿಷಯಕ್ಕೆ ಬರೋಣ. ಬೆಂಗಳೂರಿನಿಂದ ಜೈಸಲ್ಮೇರ್‌ಗೆ ಹತ್ತಿರ ಹತ್ತಿರ 2000 ಕಿಲೋಮೀಟರ್. ರಜೆಯ ಅರ್ಧ ಹೈವೇಯಲ್ಲೇ ಹೋಗುತ್ತದೆ. ನನ್ನ ಕೇಳಿದರೆ ಹುಬ್ಬಳ್ಳಿ ಮೇಲೆ ಜೋಧ್‌ಪುರಕ್ಕೆ ಹೋಗುವ ರೈಲು ಹಿಡಿಯಿರಿ, ಇಲ್ಲವೇ ವಿಮಾನ. ಅಲ್ಲಿ ಲೋಕಲ್ ಜೀಪು, ಅದೇ ಸೀಮೆಯ ಡ್ರೈವರ್. ದುಡ್ಡೂ ಆ ಊರಲ್ಲೇ ಉಳಿಯುತ್ತದೆ, ದಾರಿಯೂ ತಪ್ಪುವುದಿಲ್ಲ. ಮ್ಯಾಪಿನಲ್ಲಿ ಕಾಣುವ ಎಷ್ಟೋ ಕಾಲುದಾರಿಗಳ ಮೇಲೆ ಮರಳು ಬಂದು ಕೂತಿರುತ್ತದೆ. ಸ್ವಂತ ಗಾಡಿಯೇ ಬೇಕು ಅನ್ನುವವರು ಎರಡು ಗಾಡಿ ಜೊತೆಯಾಗಿ ಹೋಗಿ. ಸಲಿಕೆ, ಎಳೆಯುವ ಹಗ್ಗ, ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪ್ ಇರಲಿ. ಮರಳಿಗೆ ಇಳಿಯುವ ಮೊದಲು ಗಾಳಿ ಕಮ್ಮಿ ಮಾಡಬೇಕು, ಡಾಂಬರಿಗೆ ಬಂದ ಕೂಡಲೇ ತುಂಬಬೇಕು. ಕತ್ತಲಾದ ಮೇಲೆ ಓಡಿಸಬೇಡಿ, ರಸ್ತೆಯಲ್ಲಿ ಒಂಟೆ, ದನ ಮಲಗಿರುತ್ತವೆ. ಗಡಿ ಸೀಮೆ ಆದ್ದರಿಂದ ಎಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ, ಡ್ರೋನ್ ಮನೆಯಲ್ಲಿರಲಿ. ಹೊರದೇಶದಿಂದ ಬಂದ ನೆಂಟರ ಬಳಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ, ಗಡಿ ಕಡೆಯ ಊರುಗಳಿಗೆ ಮೊದಲೇ ಅನುಮತಿ ಕೇಳಬೇಕು.

ಮತ್ತೆ, ದಾರಿ ಬಿಟ್ಟು ಗಾಡಿ ಇಳಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಫೋರ್ ಬೈ ಫೋರ್ ಇದೆ, ಮುಂದೆ ಖಾಲಿ ಬಯಲಿದೆ, ಒಂದು ರೌಂಡ್ ಹೊಡೆಯೋಣ ಅನ್ನಿಸುತ್ತದೆ. ಆದರೆ ಆ ಬಯಲು ಯಾರದ್ದೋ ಖಡೀನ್‌ಗೆ ನೀರು ಕೂಡಿಸುವ ನೆಲ ಆಗಿರಬಹುದು. ಟೈರಿನ ಗೀರು ಬಿದ್ದರೆ ಹರಿಯುವ ನೀರು ಆ ಗೀರಿನ ಹಿಂದೆಯೇ ಹೋಗುತ್ತದೆ. ಏರಿ ಹತ್ತಿಸಿ ಇಳಿಸಿದರಂತೂ ಅಲ್ಲೊಂದು ತಗ್ಗು ಬಿದ್ದು, ಮುಂದಿನ ಜೋರು ಮಳೆಗೆ ಏರಿಯೇ ಒಡೆಯುತ್ತದೆ. ಒಂದು ಮನೆಯ ವರ್ಷದ ಗೋಧಿ ಹೋಯಿತು. ಇನ್ನು ಕೆಲವು ಬಯಲುಗಳು ಓರಣ್, ಅಂದರೆ ದೇವರ ಹೆಸರಲ್ಲಿ ಬಿಟ್ಟ ಕಾಡು. ಅಲ್ಲಿ ಊರಿನವರೇ ಮರ ಕಡಿಯುವುದಿಲ್ಲ.

ಆಮೇಲೆ ಗೋಡಾವಣ್ ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಎರೆಭೂತ ಅಂತಾರಲ್ಲ, ಅದೇ. ಜಗತ್ತಿನಲ್ಲಿ ಉಳಿದಿರುವವುಗಳಲ್ಲಿ ಹೆಚ್ಚಿನವು ಜೈಸಲ್ಮೇರ್ ಜಿಲ್ಲೆಯಲ್ಲೇ ಇವೆ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ ಆ ಮೊಟ್ಟೆ ಗಾಡಿಯಲ್ಲಿ ಕೂತವರ ಕಣ್ಣಿಗೆ ಬೀಳುವುದೇ ಇಲ್ಲ. 3162 ಚದರ ಕಿಲೋಮೀಟರ್‌ನ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಇವನ್ನು ನೋಡಬಹುದು, ಅರಣ್ಯ ಇಲಾಖೆ ಹೇಳಿದ ದಾರಿಯಲ್ಲಿ, ಅವರು ಹೇಳಿದ ದೂರದಲ್ಲಿ.

ಟೆಂಟಿನ ಡಾನ್ಸ್ ಬದಲು ಒಂದು ಸಂಜೆ ಮಾಂಗಣಿಯಾರ್ ಸಂಗೀತಕ್ಕೆ ಇಟ್ಟುಕೊಳ್ಳಿ. ತಲೆಮಾರುಗಳಿಂದ ಹಾಡುವ ಮುಸ್ಲಿಂ ಮನೆತನಗಳು ಇವು, ಹಿಂದೂ ಮನೆಗಳ ಮದುವೆ, ತೊಟ್ಟಿಲು ಶಾಸ್ತ್ರಕ್ಕೂ ಇವರೇ ಹಾಡಬೇಕು. ಕಮಾಯ್ಚಾ ಅನ್ನುವ ತಂತಿವಾದ್ಯ ನುಡಿಸಿ 2012ರಲ್ಲಿ ಪದ್ಮಶ್ರೀ ಪಡೆದ ಸಾಕರ್ ಖಾನ್ ಅವರ ಊರು ಹಮೀರಾ ಜೈಸಲ್ಮೇರ್‌ನಿಂದ ಹೆಚ್ಚು ದೂರವಿಲ್ಲ. ಮೊದಲೇ ಮಾತಾಡಿ, ಸರಿಯಾದ ಸಂಭಾವನೆ ಕೊಟ್ಟು, ಮನೆಯಲ್ಲೇ ಕೂತು ಕೇಳಿ.

ಕೊನೆಯ ದಿನ ಉತ್ತರಕ್ಕೆ, ಮೋಹನ್‌ಗಢ ಕಡೆಗೆ ಹೋಗಿ. ಪಂಜಾಬಿನ ಹರಿಕೆಯಿಂದ ಹೊರಟ ಸಟ್ಲೆಜ್, ಬಿಯಾಸ್ ನೀರು ಇಂದಿರಾ ಗಾಂಧಿ ಕಾಲುವೆಯಲ್ಲಿ ಇಲ್ಲಿವರೆಗೆ ಬರುತ್ತದೆ. ಗಡಸೀಸರ್ ಈಗ ಬತ್ತದೆ ಇರುವುದಕ್ಕೂ ಈ ಕಾಲುವೆಯ ನೀರೇ ಕಾರಣ. ಕಾಲುವೆ ಜನರ ಬಾಯಾರಿಕೆ ನೀಗಿಸಿದೆ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೆ ಖಡೀನ್ ನೋಡಿ ಬಂದ ಕಣ್ಣಿಗೆ ಕಾಲುವೆ ನೋಡಿದರೆ ಎರಡು ಬೇರೆ ಬೇರೆ ಲೆಕ್ಕಾಚಾರ ಕಾಣುತ್ತದೆ. ಒಂದು, ಅಲ್ಲೇ ಬಿದ್ದ ಮಳೆಗೆ ತಕ್ಕ ಹಾಗೆ ಬದುಕುವುದು. ಇನ್ನೊಂದು, ನೂರಾರು ಕಿಲೋಮೀಟರ್ ದೂರದ ಹೊಳೆಯನ್ನು ನಂಬುವುದು. ಕಾಲುವೆ ಬದಿಯ ರೈತರನ್ನೂ ಮಾತಾಡಿಸಿ, ಅವರ ಲೆಕ್ಕ ಕೇಳಿ.

ತಿಂಗಳು ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನವೆಂಬರ್‌ನಿಂದ ಫೆಬ್ರವರಿ. ಅದರೊಳಗೆ ಯಾವ ವಾರ ಅನ್ನೋದನ್ನ ಆ ವರ್ಷದ ಮಳೆ ಹೇಳಬೇಕು. ಟಿಕೆಟ್ ಮಾಡಿಸುವ ಮೊದಲು ನೀವು ಉಳಿಯುವ ಹಳ್ಳಿಯವರಿಗೆ ಒಂದು ಫೋನ್ ಹಾಕಿ. ಈ ಸಲ ಖಡೀನ್ ತುಂಬಿತಾ, ಬಿತ್ತನೆ ಆಯಿತಾ ಅಂತ ಕೇಳಿ. ಆಯಿತು ಅಂದರೆ ಜನವರಿ ಕೊನೆಗೋ ಫೆಬ್ರವರಿಗೋ ಹೋಗಿ, ಗೋಧಿ ನಿಂತಿರುತ್ತದೆ. ಮಳೆ ಕೈಕೊಟ್ಟಿದೆ ಅಂದರೂ ಹೋಗಿ. ಒಣಗಿದ ಖಡೀನ್ ಹೇಗಿರುತ್ತದೆ, ಅಂಥ ವರ್ಷ ಜನ ಹೇಗೆ ದಾಟುತ್ತಾರೆ ಅನ್ನೋದನ್ನೂ ಅವರ ಬಾಯಿಂದಲೇ ಕೇಳಬಹುದು. ಆ ವರ್ಷ ನೀವು ಕೊಡುವ ಊಟ, ವಸತಿಯ ದುಡ್ಡು ಅವರಿಗೆ ಇನ್ನೂ ಜಾಸ್ತಿ ಬೇಕಾಗಿರುತ್ತದೆ.