ಅಂದಾಜುಪಟ್ಟಿಯಲ್ಲಿ ಇಲ್ಲದ ಮರ

ನಮಸ್ಕಾರ. ಹೋದ ವರ್ಷ ಮಾರ್ಚ್ ತಿಂಗಳ ಒಂದು ಸಂಜೆ ಹಾಲಿಗೆಂದು ಹೊರಟ ನನ್ನ ಅಮ್ಮ ಮನೆಯಿಂದ ಮೂವತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡವಿ ಬಿದ್ದರು. ಬೆಂಗಳೂರಿನ ಎಷ್ಟೋ ಬೀದಿಗಳಂತೆ ನಮ್ಮ ಬೀದಿಯಲ್ಲೂ ಹೊಂಗೆ ಮರಗಳ ಸಾಲಿದೆ. ಅದರಲ್ಲಿ ಒಂದರ ಬುಡದಲ್ಲಿ ಫುಟ್‌ಪಾತಿನ ಇಂಟರ್‌ಲಾಕ್ ಕಲ್ಲುಗಳು ನಾಲ್ಕು ಬೆರಳಿನಷ್ಟು ಉಬ್ಬಿ ನಿಂತಿದ್ದವು. ಕೈ ಊರಿ ಬಿದ್ದದ್ದರಿಂದ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್.

ಮರುದಿನವೇ ಬೀದಿಯಲ್ಲಿ ಒಂದು ಅರ್ಜಿ ಸಿದ್ಧವಾಯಿತು, ಆ ಮರವನ್ನು ಕಡಿಸಬೇಕೆಂದು. ಅಮ್ಮನ ಬಗ್ಗೆ ಎಲ್ಲರಿಗೂ ನಿಜವಾದ ಕಾಳಜಿಯೇ ಇತ್ತು. ಆದರೆ ಮಾತು ಬೆಳೆದಂತೆ ಮನಸ್ಸಿನಲ್ಲಿ ಉಳಿದಿದ್ದ ಬೇರೆ ಕಾರಣಗಳೂ ಹೊರಬಂದವು. ಎದುರು ಮನೆಯವರ ಮುಂಬಾಗಿಲಿಗೆ ಆ ಮರ ನೇರ ಬರುತ್ತದೆ, ವಾಸ್ತುವಿನಲ್ಲಿ ಅದು ದ್ವಾರವೇಧೆ. ಮೂಲೆಯ ಅಂಗಡಿಯವರ ಬೋರ್ಡು ಮುಖ್ಯರಸ್ತೆಯಿಂದ ಕಾಣುವುದಿಲ್ಲ. ಎರಡನೆಯ ಮಹಡಿಯವರಿಗೆ ಬಾಲ್ಕನಿಯಿಂದ ಎಲೆ ಬಿಟ್ಟರೆ ಬೇರೇನೂ ತೋರುವುದಿಲ್ಲ. ಅರ್ಜಿ ನನ್ನ ಕೈಗೆ ಬಂದಾಗ, ಅಮ್ಮನ ಕೈಗೆ ಕಟ್ಟಿದ ಪಟ್ಟಿಯನ್ನು ನೋಡುತ್ತ ನಾನೂ ಸಹಿ ಹಾಕುವುದರಲ್ಲಿದ್ದೆ. ಅಮ್ಮನೇ ತಡೆದರು. "ನಾನು ಎಡವಿದ್ದು ಕಲ್ಲಿಗೆ. ಆ ಕಲ್ಲನ್ನು ಮರ ತಂದು ಹಾಕಿತೇನು?" ಎಂದು ಕೇಳಿದರು.

ಈ ಒಂದು ವರ್ಷ ನಾನು ಆ ಪ್ರಶ್ನೆಯನ್ನು ಹಿಡಿದುಕೊಂಡೇ ಓಡಾಡಿದ್ದೇನೆ. ಇವತ್ತು ಹೇಳಬೇಕಾದದ್ದೂ ಅದನ್ನೇ.

ಮೊದಲು ವಯಸ್ಸಿನ ಲೆಕ್ಕ. ಬೆಂಗಳೂರಿನ ಬೀದಿಮರಗಳಲ್ಲಿ ದೊಡ್ಡ ಪಾಲು 1980ರ ದಶಕದಲ್ಲಿ ನೆಟ್ಟವು. ಅರಣ್ಯ ಅಧಿಕಾರಿಯಾಗಿದ್ದ ಎಸ್.ಜಿ. ನೇಗಿನಹಾಳರು ಆ ವರ್ಷಗಳಲ್ಲಿ ಈ ಊರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರೆಂದು ಪ್ರತೀತಿ. ಅದಕ್ಕೂ ಹಿಂದೆ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ವರ್ಷದ ಒಂದೊಂದು ಕಾಲದಲ್ಲಿ ಒಂದೊಂದು ಬೀದಿ ಹೂವಾಗುವಂತೆ ಮರಗಳನ್ನು ಆರಿಸಿದ್ದರು. ನೇಗಿನಹಾಳರು 2021ರಲ್ಲಿ ಕೋವಿಡ್ ಕಾಲದಲ್ಲಿ ತೀರಿಕೊಂಡರು. ಅವರ ಕಾಲದ ಮರಗಳಿಗೆ ಈಗ ನಲವತ್ತು ದಾಟಿದೆ. ನಮ್ಮ ಬೀದಿಯ ಇಂಟರ್‌ಲಾಕ್ ಕಲ್ಲುಗಳಿಗೆ ಆರು ವರ್ಷ. ನಲವತ್ತು ವರ್ಷದಿಂದ ನಿಂತಿರುವವನ ಕಾಲಿನ ಮೇಲೆ ಆರು ವರ್ಷದ ಹಿಂದೆ ಕಲ್ಲು ಹೇರಿ, ಈಗ ಅವನು ಕಾಲು ಕದಲಿಸಿದ್ದೇ ತಪ್ಪು ಎನ್ನುತ್ತಿದ್ದೇವೆ.

ಬೇರು ಕಲ್ಲನ್ನು ಎತ್ತುವುದು ಹೇಗೆಂದು ತಿಳಿದುಕೊಂಡರೆ ಕೋಪ ಯಾರ ಮೇಲೆ ಹೋಗಬೇಕೋ ಅವರ ಮೇಲೆ ಹೋಗುತ್ತದೆ. ತಾಯಿಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ನಾವೆಲ್ಲ ಶಾಲೆಯ ಚಿತ್ರದಲ್ಲಿ ನೋಡಿದ್ದೇವೆ. ಆದರೆ ದೊಡ್ಡ ಮರದ ಬಹುಪಾಲು ಬೇರುಗಳು ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲಿ, ಅಡ್ಡಡ್ಡವಾಗಿ ಹರಡಿಕೊಂಡು. ಏಕೆಂದರೆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಅದು ಸಿಗುವುದು ಮೇಲೆಯೇ. ನಾವು ಮಾಡುವುದೇನು? ರೋಲರ್ ಓಡಿಸಿ ಮಣ್ಣನ್ನು ಕಲ್ಲಿನಂತೆ ಗಟ್ಟಿ ಮಾಡುತ್ತೇವೆ. ಅದರ ಮೇಲೆ ಜಲ್ಲಿ, ಅದರ ಮೇಲೆ ಕಾಂಕ್ರೀಟ್ ಅಥವಾ ಮರಳು ಹಾಸಿ ಕಲ್ಲು ಜೋಡಿಸುತ್ತೇವೆ. ಕೊನೆಗೆ ಮರದ ಕಾಂಡಕ್ಕೇ ಅಂಟಿಸಿ ಗಾರೆ ಬಳಿಯುತ್ತೇವೆ. ಹಾಸಿನ ಕೆಳಗಿನ ತೆಳುವಾದ ಸಂದಿನಲ್ಲಿ ಮಾತ್ರ ಒಂದಿಷ್ಟು ತೇವ, ಒಂದಿಷ್ಟು ಗಾಳಿ ಉಳಿಯುತ್ತದೆ. ಬೇರು ಅಲ್ಲಿಗೆ ಹೋಗುತ್ತದೆ, ಅಲ್ಲಿಯೇ ದಪ್ಪವಾಗುತ್ತದೆ. ಅದಕ್ಕೆ ನಾವು ಬಿಟ್ಟ ದಾರಿ ಅದೊಂದೇ.

ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳು. ಆ ಕಾಲವನ್ನು ಸುಮ್ಮನೆ ಹೊಗಳುತ್ತಿಲ್ಲ, ಮುರಿದ ಚಪ್ಪಡಿಯ ಸಂದಿನಲ್ಲಿ ಕಾಲು ಸಿಕ್ಕಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಚಪ್ಪಡಿಗೆ ಒಂದು ಗುಣವಿತ್ತು. ಬೇರು ಒಂದು ಮೂಲೆಯನ್ನು ಎತ್ತಿದರೆ ಇಬ್ಬರು ಆಳು ಹಾರೆ ಹಾಕಿ ಅದನ್ನು ಬದಿಗಿಟ್ಟು, ಮಣ್ಣು ಸರಿಮಾಡಿ, ಸಂಜೆಯೊಳಗೆ ಮತ್ತೆ ಕೂರಿಸುತ್ತಿದ್ದರು. ರಿಪೇರಿಗೆ ಹೊಸ ಟೆಂಡರ್ ಬೇಕಾಗುತ್ತಿರಲಿಲ್ಲ.

ನಮ್ಮ ಪಕ್ಕದ ರಸ್ತೆಯಲ್ಲಿ ಫುಟ್‌ಪಾತ್ ಕಾಮಗಾರಿ ನಡೆಯುತ್ತಿದ್ದಾಗ ನಾನು ಮೇಸ್ತ್ರಿಯ ಬಳಿ ನಿಂತು ಮಾತಾಡಿದೆ. ಮರದ ಸುತ್ತ ಸ್ವಲ್ಪ ಜಾಗ ಬಿಡಬಾರದೇ ಎಂದು ಕೇಳಿದೆ. ಆತ ಒರಟಾಗಿ ಉತ್ತರಿಸಲಿಲ್ಲ. "ಅಕ್ಕಾ, ನಮಗೆ ಕೊಟ್ಟಿರುವುದು ಇಷ್ಟು ಮೀಟರ್ ಉದ್ದ, ಇಷ್ಟು ಅಗಲ. ಬಿಲ್ ಆಗುವುದು ಚದರ ಮೀಟರಿನ ಲೆಕ್ಕದಲ್ಲಿ. ಮರ ಆ ಕಾಗದದಲ್ಲಿ ಇಲ್ಲ" ಎಂದ. ಅವನ ಮಾತು ಸುತ್ತಿಗೆಯ ಏಟಿನಂತೆ ಬಿತ್ತು. ಎದುರಿಗೆ ನಿಂತಿರುವ, ಇಬ್ಬರು ತಬ್ಬಿದರೂ ತೋಳಿಗೆ ಸಿಗದ ಮಳೆಮರ ಅಂದಾಜುಪಟ್ಟಿಯಲ್ಲಿ ಇಲ್ಲ. ಅಷ್ಟೇ ಅಲ್ಲ, ಅದರ ಸುತ್ತ ಜಾಗ ಬಿಟ್ಟರೆ ಅಷ್ಟು ಚದರ ಮೀಟರಿನ ಹಣ ಗುತ್ತಿಗೆದಾರನಿಗೆ ಕಡಿಮೆಯಾಗುತ್ತದೆ. ಮರದ ಉಸಿರು ಕಟ್ಟಿಸಿದವರಿಗೆ ಹೆಚ್ಚು ಹಣ ಕೊಡುವ ಲೆಕ್ಕ ಇದು. ಮೇಸ್ತ್ರಿಯನ್ನು ಬೈದು ಫಲವಿಲ್ಲ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲೇ ಬಂದಿದೆ. ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ನಗರದಲ್ಲಿ ಮರ ಕಡಿಯುವಂತಿಲ್ಲ. ಮರಗಳ ಗಣತಿ ಮಾಡುವುದು ವೃಕ್ಷ ಪ್ರಾಧಿಕಾರದ ಕರ್ತವ್ಯವೆಂದು ಆ ಕಾಯ್ದೆಯೇ ಹೇಳುತ್ತದೆ. ಆದರೆ ಅದು ಕೊಡಲಿಯ ಮೇಲೆ ಕಣ್ಣಿಟ್ಟು ಬರೆದ ಕಾನೂನು. ಕೊಡಲಿ ತಾಗದೆ, ಗಾರೆಯಲ್ಲಿ, ಜೆಸಿಬಿಯ ಹಲ್ಲಿನಲ್ಲಿ, ಕೇಬಲ್ಲಿಗೆಂದು ತೋಡಿದ ಕಾಲುವೆಯಲ್ಲಿ ಸಾಯುವ ಮರಕ್ಕೆ ಅರ್ಜಿಯೂ ಇಲ್ಲ, ಅನುಮತಿಯೂ ಇಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದಿಂದ ಒಂದು ಮೀಟರ್ ಒಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತ್ತು. ಆ ಒಂದು ಮೀಟರ್ ನಮ್ಮ ಊರಿನ ಪ್ರತಿಯೊಂದು ಟೆಂಡರಿನಲ್ಲೂ ಒಂದು ಸಾಲಾಗಿ ಬರಬೇಕು. ಸಾಲಾಗಿ ಬಂದರೆ ಸಾಲದು, ಮರದ ಪಾತಿಗೂ ದರ ನಿಗದಿಯಾಗಬೇಕು. ಪಾತಿ ಬಿಟ್ಟಿದ್ದನ್ನು ಅಳೆದು ನೋಡಿದ ಮೇಲೆಯೇ ಬಿಲ್ ಪಾಸಾಗಬೇಕು.

ನಮ್ಮ ಬೀದಿಗಳಲ್ಲಿ ಅಷ್ಟು ಜಾಗ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸುವ ಪ್ರಕಾರ ಫುಟ್‌ಪಾತಿನಲ್ಲಿ ಯಾವ ಅಡೆತಡೆಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟುವಷ್ಟು. ಅಮ್ಮ ಬಿದ್ದ ಜಾಗವನ್ನು ನಾನು ಟೇಪ್ ಹಿಡಿದು ಅಳೆದೆ. ಮರ ಸೇರಿ ಒಟ್ಟು ಒಂದೂವರೆ ಮೀಟರ್. ಮರಕ್ಕೆ ಪಾತಿ ಬಿಟ್ಟರೆ ನಡೆಯುವವರಿಗೆ ದಾರಿಯಿಲ್ಲ, ನಡೆಯುವವರಿಗೆ ದಾರಿ ಬಿಟ್ಟರೆ ಮರಕ್ಕೆ ಪಾತಿಯಿಲ್ಲ. ಇಷ್ಟು ದಿನ ನಾವು ಈ ಇಬ್ಬರನ್ನೇ ಜಗಳಕ್ಕೆ ಬಿಟ್ಟು ನೋಡುತ್ತಿದ್ದೇವೆ. ಅಳತೆ ಟೇಪನ್ನು ಇನ್ನೆರಡು ಮೀಟರ್ ಎಳೆದರೆ ಮೂರನೆಯವನು ಸಿಗುತ್ತಾನೆ. ಮರದ ಪಕ್ಕದಲ್ಲೇ, ರಸ್ತೆಯ ಅಂಚಿನಲ್ಲಿ, ದಿನಕ್ಕೆ ಇಪ್ಪತ್ತೆರಡು ಗಂಟೆ ಅಲುಗಾಡದೆ ನಿಂತಿರುವ ಕಾರು. ಒಂದು ಮರಕ್ಕೆ ಒಂದು ಕಾರಿನ ಜಾಗ ಕೊಡಿ. ಕರ್ಬ್ ಕಲ್ಲನ್ನು ಅಲ್ಲಿ ರಸ್ತೆಯ ಕಡೆಗೆ ಬಾಗಿಸಿ ಫುಟ್‌ಪಾತು ಮರವನ್ನು ಬಳಸಿಕೊಂಡು ಹೋಗುವಂತೆ ಮಾಡಿ. ಬೇರಿನ ಮೇಲೆಯೇ ಹಾದುಹೋಗಬೇಕಾದ ಕಡೆ ಮೆಟ್ಟಿಲಿನಂತೆ ಏರಿಳಿಸದೆ ನಿಧಾನವಾದ ಇಳಿಜಾರು ಕೊಡಿ. ಕಾರಿನ ಮಾಲೀಕರಿಗೆ ಸಿಟ್ಟು ಬರುತ್ತದೆ, ಗೊತ್ತು. ಅಮ್ಮನ ಕೈಮೂಳೆಗಿಂತ ಆ ಸಿಟ್ಟು ದೊಡ್ಡದಲ್ಲ.

ಇನ್ನು ನೋಟದ ವಿಷಯ. ಅಂಗಡಿಯ ಬೋರ್ಡು ಕಾಣದಿದ್ದರೆ ವ್ಯಾಪಾರಕ್ಕೆ ಪೆಟ್ಟು ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬೋರ್ಡನ್ನು ಎರಡು ಅಡಿ ಕೆಳಗಿಳಿಸಬಹುದು, ಮರವನ್ನು ಇಳಿಸಲಾಗದು. ಇದೇ ಊರಿನಲ್ಲಿ ಜಾಹೀರಾತು ಫಲಕ ಕಾಣಲೆಂದು ಮರಗಳ ಬುಡಕ್ಕೆ ಆಸಿಡ್ ಸುರಿದ ಸುದ್ದಿಗಳನ್ನು ನಾವು ಓದಿದ್ದೇವೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಫ್ಲೆಕ್ಸುಗಳು, ಫಲಕಗಳು ರಾಶಿರಾಶಿಯಾಗಿ ಇಳಿದವು. ಅವು ಇಳಿದುದರಿಂದ ಯಾವ ಬೀದಿಯೂ ಕುರುಡಾಗಲಿಲ್ಲ. ಬಾಲ್ಕನಿಯ ನೋಟದ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ನಮ್ಮ ಬೀದಿಯಲ್ಲಿ ಮರದಾಚೆಗೆ ಇರುವುದು ಇನ್ನೊಂದು ಬಾಲ್ಕನಿ.

ಬೀದಿದೀಪದ ದೂರು ಮಾತ್ರ ಬೇರೆ. ಅದು ಕೇಳಲೇಬೇಕಾದದ್ದು. ದೀಪ ಕೊಂಬೆಗಳ ಮೇಲೆ ಉರಿಯುತ್ತದೆ, ನಡೆಯುವ ಹೆಣ್ಣುಮಕ್ಕಳು ಕೆಳಗೆ ಕತ್ತಲಲ್ಲಿರುತ್ತಾರೆ. ಅದಕ್ಕೆ ಮರ ಕಡಿಯುವುದು ಉತ್ತರವಲ್ಲ. ಫುಟ್‌ಪಾತಿನ ಕಡೆಗೆ ಮುಖ ಮಾಡಿದ, ಕೊಂಬೆಗಳ ಕೆಳಗೇ ನಿಲ್ಲುವ ಗಿಡ್ಡ ಕಂಬದ ದೀಪ ಬೇಕು. ಅದೂ ಅಂದಾಜುಪಟ್ಟಿಯ ಕೆಲಸವೇ.

ಮರವೆಲ್ಲ ಉಳಿಯಲೇಬೇಕು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಒಳಗೆ ಟೊಳ್ಳಾದ ಮರವನ್ನು ತೆಗೆಯಬೇಕು. ಗುಲ್‌ಮೊಹರ್ ಕೊಂಬೆ ಬೇಗ ಮುರಿಯುತ್ತದೆ, ಬೇರು ಆಳಕ್ಕಿಳಿಯುವುದಿಲ್ಲ. ವಿದ್ಯುತ್ ತಂತಿಯ ಕೆಳಗೆ ಮಳೆಮರ ನೆಟ್ಟದ್ದು ತಪ್ಪೇ. ಪ್ರತಿ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಜೀವಗಳು ಹೋಗಿವೆ, ಆ ಮನೆಗಳ ಮುಂದೆ ನಿಂತು ನೆರಳಿನ ಗುಣಗಾನ ಮಾಡುವ ಧೈರ್ಯ ಯಾರಿಗೂ ಬೇಡ. ಆದರೆ ಬಿದ್ದ ಮರದ ಬುಡವನ್ನು ಹತ್ತಿರದಿಂದ ನೋಡಿ. ಒಂದು ಬದಿಯಲ್ಲಿ ಬೇರೇ ಇಲ್ಲದೆ, ಗರಗಸ ಇಟ್ಟಂತೆ ನೇರವಾಗಿ ತುಂಡಾಗಿರುತ್ತದೆ. ಅದು ಚರಂಡಿ ತೋಡಿದ ಬದಿ. ಮೇಲೆ ತಂತಿಗಾಗಿ ಒಂದೇ ಕಡೆಯ ಕೊಂಬೆಗಳನ್ನು ಕತ್ತರಿಸಿದ್ದರಿಂದ ಭಾರವೆಲ್ಲ ಇನ್ನೊಂದು ಕಡೆಗೆ. ಕೆಳಗೆ ಒಂದು ಕಾಲು ಕಡಿದು, ಮೇಲೆ ಒಂದು ತೋಳು ಕಡಿದು, ಗಾಳಿಗೆ ನಿಲ್ಲು ಎಂದರೆ ಹೇಗೆ ನಿಂತೀತು? ಮರುದಿನ ಪತ್ರಿಕೆಯಲ್ಲಿ "ಮಳೆಗೆ ಉರುಳಿದ ಮರ" ಎಂದು ಬರುತ್ತದೆ. ಆ ಶೀರ್ಷಿಕೆ ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಉಳಿಸಿಕೊಂಡರೆ ಏನು ಸಿಗುತ್ತದೆಂದು ಅಳೆದವರೂ ಇದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ಕಡಿಮೆ. ಡಾಂಬರಿನ ಮೇಲ್ಮೈಯಲ್ಲಿ ವ್ಯತ್ಯಾಸ 27.5 ಡಿಗ್ರಿಯವರೆಗೂ. ಮಧ್ಯಾಹ್ನ ತಳ್ಳುಗಾಡಿ ನಿಲ್ಲಿಸಿಕೊಳ್ಳುವ ಸೊಪ್ಪಿನವರಿಗೆ, ಬಸ್ಸಿಗೆ ಕಾಯುವ ಮಕ್ಕಳಿಗೆ ಈ ಅಂಕಿ ಹೇಳಬೇಕಾಗಿಲ್ಲ. ಅವರು ನಿಲ್ಲುವ ಜಾಗವೇ ಹೇಳುತ್ತದೆ.

ಮರ ಮತ್ತು ಫುಟ್‌ಪಾತು ಬೇರೆ ಬೇರೆ ಕೈಗಳಲ್ಲಿ ಇರುವುದೇ ಈ ಜಗಳದ ಬುಡ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಂದೆ ಇದು ಇನ್ನೂ ವಿಚಿತ್ರವಾಗಿತ್ತು. ಮನೆಯ ಮುಂದಿನ ಬೀದಿಮರವನ್ನು ನೋಡಿಕೊಳ್ಳುವುದೂ, ಬೇರಿನಿಂದ ಕೆಟ್ಟ ಫುಟ್‌ಪಾತನ್ನು ಸರಿಮಾಡಿಸುವುದೂ ಬಹುತೇಕ ಆ ಮನೆಯ ಮಾಲೀಕರ ತಲೆಗೆ ಬರುತ್ತಿತ್ತು. ಮರ ಎಂದರೆ ಜನರಿಗೆ ಖರ್ಚು, ಭಯ. 2016ರ ನವೆಂಬರಿನಲ್ಲಿ ಆ ಊರಿನ ಮತದಾರರು ಸುಮಾರು ಐದರಲ್ಲಿ ನಾಲ್ಕು ಪಾಲು ಬಹುಮತದಿಂದ ಅದನ್ನು ಬದಲಿಸಿದರು. 2017ರ ಜುಲೈನಿಂದ 1.2 ಲಕ್ಷಕ್ಕೂ ಹೆಚ್ಚು ಬೀದಿಮರಗಳ ಹೊಣೆ ನಗರಾಡಳಿತದ್ದಾಯಿತು. ಬೇರು ಎತ್ತಿದ ಫುಟ್‌ಪಾತಿನ ರಿಪೇರಿಯೂ ಅದರೊಂದಿಗೇ ಬಂತು. ಅದಕ್ಕಾಗಿ ವರ್ಷಕ್ಕೆ 1.9 ಕೋಟಿ ಡಾಲರ್ ಬೇರೆ ತೆಗೆದಿಟ್ಟರು. ಅವರ ಹಣ ನಮ್ಮಲ್ಲಿಲ್ಲ, ಒಪ್ಪುತ್ತೇನೆ. ಆದರೆ ಮರಕ್ಕೂ ಕಲ್ಲಿಗೂ ಒಂದೇ ಕಚೇರಿ ಉತ್ತರ ಕೊಡಲಿ ಎಂಬುದಕ್ಕೆ ಡಾಲರ್ ಬೇಕಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಿವೆ. ಹೊಸ ಬೋರ್ಡು, ಹೊಸ ಕಡತ. ಆ ಕಡತದ ಮೊದಲ ಹಾಳೆಗಳಲ್ಲೇ ಇದು ಸೇರಲಿ ಎಂದು ನಾನು ಕೇಳುತ್ತಿದ್ದೇನೆ.

ನಮ್ಮ ಬೀದಿಯ ಕತೆ ಅರ್ಧಕ್ಕೆ ನಿಲ್ಲಿಸಿದ್ದೆ. ಅರ್ಜಿ ಮೊದಲಿನಂತೆ ಹೋಗಲಿಲ್ಲ, ತಿದ್ದಿಸಿ ಕಳುಹಿಸಿದೆವು. ಮರ ಕಡಿಸಿ ಎಂದಿದ್ದ ಕಡೆ ಕಲ್ಲು ತೆಗೆಸಿ ಎಂದು ಬರೆದೆವು. ಎದುರು ಮನೆಯ ಹಿರಿಯರು ಎರಡು ದಿನ ಯೋಚಿಸಿ ಸಹಿ ಹಾಕಿದರು. ನಾಲ್ಕು ತಿಂಗಳು ಓಡಾಡಿದ ಮೇಲೆ ಮೂವರು ಆಳು ಬಂದು ಬುಡದ ಸುತ್ತಲಿನ ಗಾರೆಯನ್ನು ಒಡೆದರು. ಕೆಳಗಿನ ಮಣ್ಣು ಬೂದಿಯ ಹಾಗೆ ಒಣಗಿತ್ತು. ಆ ರಾತ್ರಿ ಮಳೆ ಬಂದಾಗ ಅಮ್ಮ ಕೊಡೆ ಹಿಡಿದು ಗೇಟಿನ ಬಳಿ ನಿಂತು ಪಾತಿಯಲ್ಲಿ ನೀರು ಇಂಗುವುದನ್ನು ನೋಡುತ್ತಿದ್ದರು.

ಬೀದಿಯಲ್ಲಿ ಇನ್ನೂ ಹನ್ನೊಂದು ಮರಗಳ ಕೊರಳಿಗೆ ಗಾರೆಯಿದೆ. ಈ ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ಆರು ಮನೆಯವರು ಟೇಪು, ಸುಣ್ಣದ ಪುಡಿ ಹಿಡಿದು ಹೊರಡುತ್ತೇವೆ, ಪ್ರತಿ ಮರದ ಸುತ್ತ ಒಂದು ಮೀಟರಿನ ಗುರುತು ಹಾಕಿ ಚಿತ್ರ ತೆಗೆದು ಕಳುಹಿಸಲು. ನಿಮ್ಮ ಬೀದಿಯ ಅಳತೆಯನ್ನೂ ಕಳುಹಿಸಿ.