ಮಗ್ಗಿ ಹೇಳುತ್ತಾ ಓಡುವ ವೇಗ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಮುಗಿದು ಒಂದು ತಿಂಗಳಾಯಿತು. ಮಾರ್ಚ್ ತಿಂಗಳಲ್ಲಿ ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ಕಾಲಿಡಲು ಜಾಗ ಇರಲಿಲ್ಲ. ಈಗ ಹೋಗಿ ನೋಡಿ, ನಾಯಿಗಳಿಗೂ ವಾಕಿಂಗಿನ ಹಿರಿಯರಿಗೂ ಪಾರ್ಕು ವಾಪಸ್ ಸಿಕ್ಕಿದೆ. 2008ರಲ್ಲಿ ಈ ಓಟ ಶುರುವಾದಾಗಿನಿಂದ ಪ್ರತಿ ವರ್ಷ ನಡೆಯುವ ಸಂಗತಿ ಇದು. ಬಾರದವರನ್ನು ಕೇಳಿದರೆ ಮಂಡಿ ನೋವಿಲ್ಲ, ಜ್ವರವಿಲ್ಲ. ಅಲಾರಂ ಹೊಡೆಯುತ್ತದೆ, ಕೈ ತಾನಾಗಿ ಹೋಗಿ ಅದನ್ನು ಆರಿಸುತ್ತದೆ. ‘ಯಾಕೋ ಮನಸ್ಸೇ ಬರ್ತಿಲ್ಲ ಸಾರ್’ ಅನ್ನುತ್ತಾರೆ.

ಇಂಥವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಶಿಸ್ತು ಬೆಳೆಸಿಕೊಳ್ಳಿ, ಅಕ್ಟೋಬರಿನ ಮ್ಯಾರಥಾನಿಗೆ ಹೆಸರು ಕೊಡಿ, ಹೊಸ ಶೂ ತೆಗೆದುಕೊಳ್ಳಿ. ಈ ಮೂರನ್ನೂ ನಾನು ಒಪ್ಪುವುದಿಲ್ಲ. ಮನಸ್ಸು ಬಾರದಿರುವುದಕ್ಕೆ ಬಹಳ ಮಂದಿಯಲ್ಲಿ ಕಾರಣ ಕಾಲಿನಲ್ಲಿದೆ. ದಿನನಿತ್ಯದ ಓಟವನ್ನೇ ಅವರು ತಮ್ಮ ಶಕ್ತಿಗೆ ಮೀರಿದ ವೇಗದಲ್ಲಿ ಓಡುತ್ತಿದ್ದಾರೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಸಮಯ ಉಳಿದರೆ ಮಿಕ್ಕದ್ದು.

ಲೆಕ್ಕ ಹಾಕೋಣ. ನಿಮ್ಮ ಹತ್ತು ಕಿಲೋಮೀಟರಿನ ಟೈಮಿಂಗ್ ಒಂದು ಗಂಟೆ ಅಂತ ಇಟ್ಟುಕೊಳ್ಳಿ. ಅಂದರೆ ಕಿಲೋಮೀಟರಿಗೆ 6 ನಿಮಿಷ. ನಿಮ್ಮ ಹಗುರ ಓಟ ಇರಬೇಕಾದದ್ದು ಸುಮಾರು 7 ನಿಮಿಷ 15 ಸೆಕೆಂಡಿನಿಂದ 7 ನಿಮಿಷ 45 ಸೆಕೆಂಡಿನ ಒಳಗೆ. ನೀವು ಓಡುವುದು? ಆರೂವರೆ. ಆರೂವರೆಯಲ್ಲಿ ಉಸಿರು ತೀರಾ ಕಟ್ಟುವುದಿಲ್ಲ, ಹಾಗಂತ ಆರಾಮವೂ ಇಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖರ್ಚಾಗುತ್ತದೆ, ಮರುದಿನ ಕಾಲು ಭಾರ. ಗುರುವಾರ ನಿಜವಾಗಿ ಜೋರಾಗಿ ಓಡಬೇಕಾದ ಹೊತ್ತಿಗೆ ಕಾಲಿನಲ್ಲಿ ಕಸುವಿಲ್ಲ, ಆ ದಿನವೂ ಆರೂವರೆ. ವಾರವಿಡೀ ಒಂದೇ ವೇಗ, ಒಂದೇ ದಣಿವು. ಮೂರು ತಿಂಗಳಾದರೂ ವಾಚಿನ ಅಂಕಿ ಬದಲಾಗುವುದಿಲ್ಲ. ದಿನಾ ಸುಸ್ತು ಕೊಟ್ಟು ಏನೂ ವಾಪಸ್ ಕೊಡದ ಕೆಲಸಕ್ಕೆ ಯಾವ ಮನಸ್ಸು ತಾನೇ ಏಳುತ್ತದೆ? ಅದು ಸೋಮಾರಿತನ ಅಲ್ಲ, ವಿವೇಕ.

ಹಗುರ ವೇಗ ಯಾವುದು ಅಂತ ಕಂಡುಕೊಳ್ಳಲು ಯಂತ್ರ ಬೇಡ. ಓಡುತ್ತಾ ಹದಿಮೂರರ ಮಗ್ಗಿ ಹೇಳಿ, ಗಟ್ಟಿಯಾಗಿ. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು, ಹೀಗೆ ನೂರಾಮೂವತ್ತರ ತನಕ. ಸಾಲಿನ ನಡುವೆ ಉಸಿರಿಗಾಗಿ ನಿಲ್ಲಬಾರದು. ಎರಡು ಸಾಲಿಗೊಮ್ಮೆ ಸಹಜವಾಗಿ ಉಸಿರು ಎಳೆದುಕೊಳ್ಳಬಹುದು. ‘ಹದಿಮೂ... ರಾರ್ಲೆ...’ ಅಂತ ತುಂಡಾಯಿತೋ, ವೇಗ ಹೆಚ್ಚಾಯಿತು. ಎಪ್ಪತ್ತೆಂಟು ನೆನಪಾಗಲಿಲ್ಲ ಅಂತ ನಿಂತರೆ ಅದು ಬೇರೆ ಸಮಸ್ಯೆ, ಅದಕ್ಕೆ ಶಾಲೆಯ ಮೇಷ್ಟ್ರನ್ನು ಕೇಳಬೇಕು.

ಇದು ನಾನು ಕಂಡುಹಿಡಿದದ್ದಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರಿದ್ದರು, ಶೂ ಕಾರ್ಖಾನೆಯಲ್ಲಿ ದುಡಿದವರು. ಅವರ ಹುಡುಗರೆಲ್ಲ ಅದೇ ಊರಿನ ಅಕ್ಕಪಕ್ಕದವರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ಮಧ್ಯಾಹ್ನ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದರು. ಅದೇ ಕೂಟದ ಮ್ಯಾರಥಾನಿನಲ್ಲಿ ಬ್ಯಾರಿ ಮೇಗೀಗೆ ಕಂಚು. ಆದರೆ ನಮಗೆ, ಅಂದರೆ ಕಚೇರಿಗೆ ಹೋಗಿ ಸಂಸಾರ ನೋಡಿಕೊಂಡು ಓಡುವವರಿಗೆ, ಲಿಡಿಯಾರ್ಡ್ ಮುಖ್ಯರಾಗುವುದು ಇನ್ನೊಂದು ಕಾರಣಕ್ಕೆ. ಹೊಟ್ಟೆ ಬಂದ, ಹೃದಯಾಘಾತದಿಂದ ಚೇತರಿಸಿಕೊಂಡ ನಡುವಯಸ್ಸಿನವರನ್ನು ಅವರು ಪಾರ್ಕಿಗೆ ಕರೆತಂದು ಮಾತಾಡುತ್ತಾ ನಿಧಾನವಾಗಿ ಓಡಲು ಕಲಿಸಿದರು. ಜಾಗಿಂಗ್ ಎನ್ನುವುದು ಜನಸಾಮಾನ್ಯರ ಅಭ್ಯಾಸವಾದದ್ದು ಅಲ್ಲಿಂದ.

1962ರ ಕೊನೆಯಲ್ಲಿ ಅಮೆರಿಕದ ಒರೆಗಾನಿನಿಂದ ಬಿಲ್ ಬೋವರ್ಮನ್ ಎಂಬ ಓಟದ ಕೋಚು ಅಲ್ಲಿಗೆ ಬಂದರು. ಅವರ ಹುಡುಗರು ಅದೇ ವರ್ಷ ನಾಲ್ಕು ಜನರ ಒಂದೊಂದು ಮೈಲಿಯ ರಿಲೇಯಲ್ಲಿ ವಿಶ್ವದಾಖಲೆ ಮಾಡಿದ್ದರು. ಬೋವರ್ಮನ್‌ಗೆ ಆಗ 51 ವರ್ಷ. ಜಗತ್ತಿನ ದೊಡ್ಡ ಕೋಚು, ಕೈಯಲ್ಲಿ ಸ್ಟಾಪ್‌ವಾಚು. ಬೋವರ್ಮನ್‌ರನ್ನು ಲಿಡಿಯಾರ್ಡ್ ಒಂದು ಭಾನುವಾರ ಬೆಳಿಗ್ಗೆ ‘ಬನ್ನಿ, ನಮ್ಮ ಜಾಗಿಂಗ್ ಗುಂಪಿನ ಜೊತೆ ಸ್ವಲ್ಪ ಓಡೋಣ’ ಅಂತ ಕರೆದರು. ಗುಂಪು ಗುಡ್ಡದ ಕಡೆ ತಿರುಗಿತು. ಗಂಡಸರು, ಹೆಂಗಸರು, ಅಜ್ಜಂದಿರು ಎಲ್ಲ ಹರಟುತ್ತಾ ಹತ್ತುತ್ತಿದ್ದಾರೆ. ಬೋವರ್ಮನ್ ಸ್ವಲ್ಪ ದೂರಕ್ಕೇ ಏದುಸಿರು ಬಿಡುತ್ತಾ ಹಿಂದೆ ಬಿದ್ದರು. ಅವರ ಜೊತೆ ಉಳಿದವರು ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಒಂದಲ್ಲ, ಹಲವು ಹೃದಯಾಘಾತ ಕಂಡವರು. ಅತಿಥಿಯೊಬ್ಬರನ್ನೇ ಬಿಟ್ಟು ಹೋಗಬಾರದಲ್ಲ, ಪಕ್ಕದಲ್ಲೇ ಓಡುತ್ತಾ, ಅಡ್ಡದಾರಿ ತೋರಿಸುತ್ತಾ, ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದರು. ಬೋವರ್ಮನ್‌ಗೆ ಉತ್ತರ ಕೊಡಲು ಉಸಿರಿರಲಿಲ್ಲ.

ಮಗ್ಗಿಯ ಪರೀಕ್ಷೆಯಲ್ಲಿ ಆ ಅಜ್ಜ ಪಾಸು, ಕೋಚು ನಪಾಸು.

ಬೋವರ್ಮನ್ ದೊಡ್ಡವರಾಗಿ ನನಗೆ ಕಾಣುವುದು ಮುಂದಿನ ಕೆಲಸದಿಂದ. ಅವಮಾನ ಅಂದುಕೊಳ್ಳದೆ ಅಲ್ಲಿದ್ದಷ್ಟು ವಾರವೂ ಆ ಗುಂಪಿನ ಜೊತೆ ನಿಧಾನವಾಗಿ ಓಡಿ ತೂಕ ಇಳಿಸಿಕೊಂಡರು. 1963ರಲ್ಲಿ ಊರಿಗೆ ಮರಳಿ ನೆರೆಹೊರೆಯವರನ್ನು ಸೇರಿಸಿ ಜಾಗಿಂಗ್ ಶುರು ಮಾಡಿದರು. ಮುಂದೆ ನೈಕಿ ಆದ ಕಂಪನಿಯನ್ನು 1964ರಲ್ಲಿ ಕಟ್ಟಿದವರಲ್ಲಿ ಅವರೂ ಒಬ್ಬರು. 1971ರಲ್ಲಿ ಹೆಂಡತಿಯ ವ್ಯಾಫಲ್ ಕಾವಲಿಗೆ ರಬ್ಬರಿನಂಥ ದ್ರವ ಹೊಯ್ದು ಶೂ ಅಡಿಯ ಅಚ್ಚು ತೆಗೆಯಲು ಹೋದವರೂ ಅವರೇ. ಅಂಟದಂತೆ ಏನೂ ಸವರಿರಲಿಲ್ಲ, ಕಾವಲಿ ಕಚ್ಚಿಕೊಂಡು ಕೂತಿತು. ಎಣ್ಣೆ ಸವರದೆ ಪಡ್ಡು ಹೊಯ್ದರೆ ಏನಾಗುತ್ತದೆಂದು ನಮ್ಮ ದಾವಣಗೆರೆಯ ಯಾವ ತಾಯಿಯನ್ನು ಕೇಳಿದ್ದರೂ ಹೇಳುತ್ತಿದ್ದರು.

ಎಲ್ಲಿದ್ದೆ? ಹಾಂ, ನಿಧಾನ. ನಾರ್ವೆಯಲ್ಲಿ ಕೆಲಸ ಮಾಡುವ ವಿಜ್ಞಾನಿ ಸ್ಟೀಫನ್ ಸೈಲರ್ ಅವರು ದೂರದ ಓಟ, ಹಿಮಜಾರಾಟ, ದೋಣಿ ಹುಟ್ಟುಹಾಕುವುದು, ಇಂಥ ಆಟಗಳ ಅಗ್ರಗಣ್ಯರ ತಾಲೀಮನ್ನು ಲೆಕ್ಕ ಹಾಕಿದರು. ಅವರ ಹತ್ತು ತಾಲೀಮಿನಲ್ಲಿ ಸುಮಾರು ಎಂಟು ಹಗುರವಾದವು. ಮ್ಯಾರಥಾನನ್ನು ಕಿಲೋಮೀಟರಿಗೆ 3 ನಿಮಿಷದಂತೆ ಮುಗಿಸುವ ಕೀನ್ಯಾದವರು ಹಗುರ ದಿನದ ಮೊದಲ ಕಿಲೋಮೀಟರುಗಳನ್ನು ನಮ್ಮ ಪಾರ್ಕಿನವರಿಗಿಂತ ಮೆಲ್ಲಗೆ ತೆಗೆದುಕೊಳ್ಳುವುದುಂಟು. ಅವರಿಗೆ ಇಲ್ಲದ ನಾಚಿಕೆ ನಮಗೇಕೆ?

ಈಗ ವಾಚಿನ ವಿಚಾರ. ಮಣಿಕಟ್ಟಿನ ವಾಚು ಹಸಿರು ಬೆಳಕು ಬಿಟ್ಟು ನಾಡಿ ಅಳೆಯುತ್ತದೆ. ಪಟ್ಟಿ ಸಡಿಲವಾದರೆ ಕೈಯ ಅಲುಗಾಟವನ್ನೇ ನಾಡಿ ಅಂದುಕೊಳ್ಳುತ್ತದೆ. ನಿಮ್ಮ ಹೆಜ್ಜೆ ನಿಮಿಷಕ್ಕೆ 165 ಇದ್ದರೆ ಹೃದಯ ಬಡಿತವೂ 165 ಅಂತ ತೋರಿಸುತ್ತದೆ. ಗಾಬರಿಯಾಗುವ ಮೊದಲು ನಿಂತು, ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 220ರಲ್ಲಿ ವಯಸ್ಸು ಕಳೆಯುವ ಸೂತ್ರವೂ ಸರಾಸರಿ ಅಷ್ಟೇ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುತ್ತದೆ. ಕಬ್ಬನ್ ಪಾರ್ಕಿನ ದಟ್ಟ ಮರಗಳ ಕೆಳಗೆ ಜಿಪಿಎಸ್ ಗೆರೆ ಅಡ್ಡಾದಿಡ್ಡಿ ಓಡುತ್ತದೆ, ಆ ಕ್ಷಣದ ಪೇಸನ್ನು, ಅಂದರೆ ಕಿಲೋಮೀಟರಿಗೆ ಇಷ್ಟು ನಿಮಿಷ ಅನ್ನುವ ಅಂಕಿಯನ್ನು, ನಂಬುವಂತಿಲ್ಲ. ಮಂಗಳೂರಿನಲ್ಲಿ ಮೇ ತಿಂಗಳಲ್ಲಿ ಬೆವರು ಆರುವುದೇ ಇಲ್ಲ; ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗಬೇಕು, ಅದೇ ವೇಗಕ್ಕೆ ಹೃದಯ ಇನ್ನೂ ಜೋರಾಗಿ ಬಡಿಯಬೇಕು. ಅಲ್ಲಿ ಜನವರಿಯ ಪೇಸನ್ನು ಮೇ ತಿಂಗಳಲ್ಲಿ ಹುಡುಕಿದರೆ ದುಃಖವೇ ಸಿಗುವುದು. ಮಗ್ಗಿ ಮಾತ್ರ ಸೆಕೆ, ದಿಬ್ಬ, ನಿದ್ದೆಗೆಟ್ಟ ರಾತ್ರಿ ಎಲ್ಲವನ್ನೂ ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಒಂದು ಎಚ್ಚರಿಕೆ. ಓಟದ ಮೇಲೆ ಮಾತ್ರವಲ್ಲ, ಊಟ, ಕೆಲಸ, ಮಾತು ಯಾವುದರ ಮೇಲೂ ಮನಸ್ಸಿಲ್ಲ ಅಂದರೆ ಅದು ಬೇರೆಯೇ ವಿಷಯ, ವೈದ್ಯರ ಹತ್ತಿರ ಹೋಗಿ. ಮೆಟ್ಟಿಲು ಹತ್ತಿದರೂ ಸುಸ್ತು ಅನ್ನುವವರು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು, ಅಂದರೆ ಫೆರಿಟಿನ್, ತಗ್ಗಿರಬಹುದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಇದು ಸಾಮಾನ್ಯ. ಸಸ್ಯಾಹಾರಿಗಳು ಬಿ12, ಎಲ್ಲರೂ ಥೈರಾಯ್ಡ್ ನೋಡಿಸಿ. ಓಡುವಾಗ ಎದೆ ಹಿಡಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುವ ಅಭ್ಯಾಸ ಇರಲಿ. ಯಾವಾಗಲೂ 60 ಇರುವವರಿಗೆ ಮೂರು ದಿನ ಬಿಡದೆ 68 ಬಂದರೆ ಮೈ ಇನ್ನೂ ಸುಧಾರಿಸಿಲ್ಲ, ಆ ದಿನ ಶೂ ಕಟ್ಟಬೇಡಿ.

ಮತ್ತೆ ಶುರು ಮಾಡುವ ಕ್ರಮ ಹೇಳುತ್ತೇನೆ. ಮೊದಲ ಹತ್ತು ದಿನ ಓಟವೇ ಬೇಡ. ಇಷ್ಟವಿದ್ದರೆ ನಡೆಯಿರಿ. ‘ಗಳಿಸಿದ್ದೆಲ್ಲ ಹೋಗುತ್ತದೆ’ ಎಂಬ ಭಯ ಬೇಡ. ಇಷ್ಟು ದಿನದಲ್ಲಿ ಕಡಿಮೆಯಾಗುವುದು ಮುಖ್ಯವಾಗಿ ರಕ್ತದ ದ್ರವಾಂಶ, ಓಡಲು ಶುರು ಮಾಡಿದರೆ ಬೇಗ ತುಂಬಿಕೊಳ್ಳುತ್ತದೆ. ಆಮೇಲೆ ವಾರಕ್ಕೆ ಮೂರೇ ದಿನ, ಮಂಗಳವಾರ, ಗುರುವಾರ, ಭಾನುವಾರ. 5 ನಿಮಿಷ ಬಿರುಸು ನಡಿಗೆ. 4 ನಿಮಿಷ ಓಟ, 1 ನಿಮಿಷ ನಡಿಗೆ, ಹೀಗೆ ನಾಲ್ಕು ಸಲ. ಕೊನೆಗೆ 5 ನಿಮಿಷ ನಡಿಗೆ. ಒಟ್ಟು ಅರ್ಧ ಗಂಟೆ. ಎರಡನೇ ವಾರ ಐದು ಸಲ. ಮೂರನೇ ವಾರ 9 ನಿಮಿಷ ಓಟ, 1 ನಿಮಿಷ ನಡಿಗೆ, ಮೂರು ಸಲ. ನಾಲ್ಕನೇ ವಾರ ಮಗ್ಗಿ ತುಂಡಾಗದಿದ್ದರೆ 30 ನಿಮಿಷ ಒಂದೇ ಸಮ. ಈ ನಾಲ್ಕು ವಾರ ದೂರ ಅಳೆಯುವಂತಿಲ್ಲ, ಆ್ಯಪಿಗೆ ಹಾಕುವಂತಿಲ್ಲ. ಸಮಯ ನೋಡಲು ಹಳೇ ಕೈಗಡಿಯಾರ ಸಾಕು.

ಇದು ಕೆಡುವುದು ಎರಡನೇ ವಾರದ ಭಾನುವಾರ. ಮೈ ಹಗುರ, ಉಸಿರು ಸಲೀಸು, ‘ಅಯ್ಯೋ ನಾನು ಸರಿಹೋದೆ’ ಅಂತ ಎಂಟು ಕಿಲೋಮೀಟರ್ ಬಾರಿಸಿಬಿಡುತ್ತಾರೆ. ಹೃದಯ, ಶ್ವಾಸ ಕೆಲವೇ ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಮೊಣಕಾಲ ಕೆಳಗಿನ ಮೂಳೆ ಹಾಗಲ್ಲ, ತಿಂಗಳುಗಳು ಬೇಕು. ಉಸಿರು ‘ಆಗುತ್ತೆ’ ಅಂದದ್ದಕ್ಕೆ ಹಿಮ್ಮಡಿ ದಂಡ ಕಟ್ಟುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಅಂಗಾಲಿನ ಹಿಂಭಾಗ ಚುಚ್ಚಿದರೆ ಒಂದು ವಾರ ಹಿಂದಕ್ಕೆ ಹೋಗಿ. ಇನ್ನೊಂದು ಹೋಳಿಗೆ ಹಿಡಿಸುತ್ತದೆ ಅನ್ನುವಾಗಲೇ ಎಲೆ ಮಡಚುವವರಿಗೆ ರಾತ್ರಿ ಮತ್ತೆ ಹಸಿವಾಗುತ್ತದಲ್ಲ, ಓಟವನ್ನೂ ಹಾಗೆ ಮುಗಿಸಬೇಕು.

ಐದನೇ ವಾರದಿಂದ ಆಟ. ಫಾರ್ಟ್ಲೆಕ್ ಅನ್ನುತ್ತಾರೆ, ಸ್ವೀಡಿಶ್ ಭಾಷೆಯಲ್ಲಿ ವೇಗದಾಟ ಅಂತ ಅರ್ಥ. ನೆರೆಯ ಫಿನ್ಲೆಂಡಿನವರ ಎದುರು ಸೋತು ಸೋತು, 1930ರ ದಶಕದಲ್ಲಿ ಯೋಸ್ತಾ ಹೋಲ್ಮೇರ್ ಎಂಬ ತರಬೇತುದಾರ ಸ್ವೀಡನ್ನಿನವರಿಗಾಗಿ ರೂಪಿಸಿದ್ದು. ಆ ಕಾಲದ ಗುಂಡರ್ ಹೇಗ್ ಕಾಡಿನ ಹಾದಿಗಳಲ್ಲಿ ಓಡಿ ಬೆಳೆದವರು; 1945ರಲ್ಲಿ ಅವರು 4 ನಿಮಿಷ 1.4 ಸೆಕೆಂಡಿನಲ್ಲಿ ಮೈಲಿ ಓಡಿದ್ದನ್ನು 1954ರಲ್ಲಿ ರೋಜರ್ ಬ್ಯಾನಿಸ್ಟರ್ ಬರುವ ತನಕ ಯಾರೂ ಮುರಿಯಲಿಲ್ಲ. ನಿಮಗೆ ಟ್ರ್ಯಾಕ್ ಬೇಡ. ಹತ್ತು ನಿಮಿಷ ಮಗ್ಗಿಯ ವೇಗದಲ್ಲಿ ಓಡಿ ಮೈ ಬಿಸಿಯಾದ ಮೇಲೆ, ‘ಆ ಮಳೆಮರದ ತನಕ’ ಅಂತ ಜೋರಾಗಿ ಹೋಗಿ. ಅರ್ಧ ನಿಮಿಷದಿಂದ ಒಂದು ನಿಮಿಷ, ಹಲ್ಲು ಕಚ್ಚುವಷ್ಟು ಬೇಡ. ಮಗ್ಗಿ ಮತ್ತೆ ಬಾಯಿಗೆ ಬರುವವರೆಗೆ ಮೆಲ್ಲಗೆ. ಆರು ಸಲ ಸಾಕು, ವಾರಕ್ಕೊಂದೇ ದಿನ. ಗುಂಪಿನಲ್ಲಿದ್ದರೆ ಒಬ್ಬೊಬ್ಬರು ಸರದಿಯಂತೆ ಮರ ಆರಿಸಲಿ, ಮಕ್ಕಳ ಹಾಗೆ ನಗುತ್ತಾ ಓಡುತ್ತೀರಿ.

ಸಂಘಟಕರು ಚೀಟಿ ಕಳಿಸಿದ್ದಾರೆ, ಎರಡು ನಿಮಿಷ. ಬರೆದುಕೊಂಡು ಬಂದದ್ದು ಇನ್ನೂ ಇದೆ, ಓಡಿಸಿಬಿಡುತ್ತೇನೆ. ಶೂ 500ರಿಂದ 800 ಕಿಲೋಮೀಟರಿಗೆ ಒಳಗಿನ ಫೋಮಿನ ಮೆತ್ತನೆ ಕಳೆದುಕೊಳ್ಳುತ್ತದೆ, ಮೇಲ್ಭಾಗ ಹೊಸದಾಗಿ ಕಂಡರೂ ಅಷ್ಟೇ. ಮಳೆಯಲ್ಲಿ ನೆನೆದರೆ ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ, ಬಿಸಿಲಿಗೆ ಬೇಡ, ಅಂಟು ಬಿಡುತ್ತದೆ. ದಾರಿ ಬದಲಿಸಿ: ವಾರಕ್ಕೊಮ್ಮೆ ಲಾಲ್‌ಬಾಗಿನ ಬಂಡೆಯ ಸುತ್ತ, ಮೈಸೂರಿನವರು ಕುಕ್ಕರಹಳ್ಳಿ ಕೆರೆಯ ಏರಿ. ಅಕ್ಟೋಬರಿನ ಓಟಕ್ಕೆ ಈಗಲೇ ಹಣ ಕಟ್ಟಬೇಡಿ. ಐದನೇ ವಾರ ಮುಗಿದ ಮೇಲೂ ಆಸೆಯಿದ್ದರೆ ಆಗ ಕಟ್ಟಿ.

ಭಾನುವಾರ ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿನ ಗ್ರಂಥಾಲಯದ ಮುಂದೆ ಸೇರುತ್ತೇವೆ. ಬಹಳ ದಿನದಿಂದ ಓಡದವರು ಮೊದಲು ಬನ್ನಿ, ಗುಂಪು ನಿಮ್ಮ ಉಸಿರಿಗೆ ತಕ್ಕ ಹಾಗೆ ಹೋಗುತ್ತದೆ. ವಾಚು ಮನೆಯಲ್ಲೇ ಇರಲಿ. ಹದಿಮೂರರದ್ದು ಸಲೀಸಾಗಿ ಬರುವವರು ಹತ್ತೊಂಬತ್ತರ ಮಗ್ಗಿ ನೋಡಿಕೊಂಡು ಬನ್ನಿ.